ಆರು ಗಂಟೆಗೊಂದು ಇಂಜೆಕ್ಷನ್

ನನ್ನ ಕಾದಂಬರಿಯ ನಾಯಕಿಗೆ ಇಪ್ಪತ್ತೊಂದು ವರ್ಷ. 1947ರ ಚಳಿಗಾಲದಲ್ಲಿ ಲಂಡನ್ನಿನ ಹೊರವಲಯದ ಕ್ಷಯರೋಗದ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಸೇರುತ್ತಾಳೆ. ಹುಡುಗಿ, ಆಸ್ಪತ್ರೆ ಎರಡೂ ನನ್ನ ಕಲ್ಪನೆ. ಅವಳ ಕೈಯಿಂದ ನಡೆಯುವ ಔಷಧ ಪ್ರಯೋಗ ಮಾತ್ರ ನಿಜ. ಅದಿಲ್ಲದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಲೇ ಇರಲಿಲ್ಲ.

ಎಪ್ಪತ್ತರ ದಶಕದಲ್ಲಿ ಕರಾವಳಿಯ ಮಿಶನ್ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಕಲಿತು, ನಿವೃತ್ತಿಯವರೆಗೂ ವಾರ್ಡಿನಲ್ಲೇ ದುಡಿದವಳು ನಾನು. ಕ್ಷಯದ ರೋಗಿಗಳಿಗೆ ಎಷ್ಟು ಸ್ಟ್ರೆಪ್ಟೊಮೈಸಿನ್ ಚುಚ್ಚಿದ್ದೇನೋ ಲೆಕ್ಕವಿಲ್ಲ. ಈ ಔಷಧದ ಮೊದಮೊದಲ ದಿನಗಳು ಹೇಗಿದ್ದಿರಬಹುದು ಎಂದು ಹುಡುಕುತ್ತ ಹೋದವಳಿಗೆ 1948ರ ಅಕ್ಟೋಬರ್ 30ರ ಬ್ರಿಟಿಷ್ ಮೆಡಿಕಲ್ ಜರ್ನಲ್ ಸಿಕ್ಕಿತು. ಆ ಪ್ರಯೋಗದ ವರದಿ ಅದರಲ್ಲಿತ್ತು. ಹಳೆಯ ಸಂಚಿಕೆಗಳು ಈಗ ಇಂಟರ್‌ನೆಟ್ಟಿನಲ್ಲೇ ಓದಲು ಸಿಗುತ್ತವೆ.

ಎರಡೂ ಶ್ವಾಸಕೋಶಕ್ಕೆ ಕ್ಷಯ ಹರಡಿದ್ದ 107 ಮಂದಿ, ಎಲ್ಲರೂ ಹರೆಯದವರು. ಆಗ ಬ್ರಿಟನ್ನಿನ ಬಳಿ ಡಾಲರ್ ಇರಲಿಲ್ಲ. ಅಮೆರಿಕದಿಂದ ತರಿಸಿದ ಔಷಧ ಎಲ್ಲರಿಗೂ ಸಾಲುವಂತಿರಲಿಲ್ಲ. ಹಾಗಾಗಿ ಯಾರಿಗೆ ಕೊಡಬೇಕು, ಯಾರಿಗೆ ಬೇಡ ಎಂಬುದನ್ನು ವೈದ್ಯರ ಮನಸ್ಸಿಗೆ ಬಿಡಲಿಲ್ಲ. ಸಂಖ್ಯಾಶಾಸ್ತ್ರಜ್ಞ ಬ್ರಾಡ್‌ಫರ್ಡ್ ಹಿಲ್ ಮೊದಲೇ ಸಿದ್ಧಪಡಿಸಿದ ಪಟ್ಟಿಯಂತೆ ಮುಚ್ಚಿದ ಲಕೋಟೆಗಳು ಬಂದವು. ಒಳಗಿನ ಕಾರ್ಡಿನಲ್ಲಿ ‘ಎಸ್’ ಇದ್ದರೆ ಔಷಧ, ‘ಸಿ’ ಇದ್ದರೆ ಹಾಸಿಗೆಯಲ್ಲಿ ವಿಶ್ರಾಂತಿ ಮಾತ್ರ. 55 ಮಂದಿಗೆ ಔಷಧ ಸಿಕ್ಕಿತು, 52 ಮಂದಿಗೆ ಸಿಗಲಿಲ್ಲ. ಸಿಗದವರಿಗೆ ತಾವೊಂದು ಪ್ರಯೋಗದಲ್ಲಿದ್ದೇವೆ ಎಂದೂ ತಿಳಿಸಿರಲಿಲ್ಲ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4, ಎರಡನೆಯದರಲ್ಲಿ 14 ಸಾವು.

ವರದಿಯಲ್ಲಿ ಎಕ್ಸ್‌ರೇಗಳಿವೆ, ಜ್ವರದ ಲೆಕ್ಕವಿದೆ, ಕೋಷ್ಟಕಗಳಿವೆ. ನನ್ನ ಕಣ್ಣು ನಿಂತದ್ದು ಮಾತ್ರ ಡೋಸಿನ ಸಾಲಿನ ಮೇಲೆ: ದಿನಕ್ಕೆ ಎರಡು ಗ್ರಾಂ, ಆರಾರು ಗಂಟೆಗೊಮ್ಮೆ, ನಾಲ್ಕು ತಿಂಗಳು. ಅಂದರೆ ಒಬ್ಬೊಬ್ಬರಿಗೂ ಐನೂರರ ಹತ್ತಿರ ಇಂಜೆಕ್ಷನ್. ಅಷ್ಟನ್ನೂ ಯಾರೋ ಒಬ್ಬಳು ಕೊಟ್ಟಿರಬೇಕಲ್ಲ? ವಯಸ್ಸಿನಲ್ಲಿ ಆ ರೋಗಿಗಳ ಓರಗೆಯವಳೇ ಆಗಿರಬಹುದಾದ ಒಬ್ಬಳು. ಕಾದಂಬರಿ ಹುಟ್ಟಿದ್ದು ಅಲ್ಲಿ.

ನಾನು ಮೊದಲು ಬರೆದದ್ದು ರಾತ್ರಿ ಹನ್ನೆರಡರ ಡೋಸ್. ಅದಕ್ಕೆ ಯಾವ ಪುಸ್ತಕವನ್ನೂ ನೋಡಬೇಕಾಗಲಿಲ್ಲ, ಏಕೆಂದರೆ 1947ರ ಲಂಡನ್ನಿನಲ್ಲಿದ್ದ ಗಾಜಿನ ಸಿರಿಂಜೇ ನಮ್ಮ ಕಾಲಕ್ಕೂ ಇತ್ತು. ಪಿಸ್ಟನ್ ಬೇರೆ, ಬ್ಯಾರಲ್ ಬೇರೆ ಮಾಡಿ ಗಾಜ್ ಬಟ್ಟೆ ಸುತ್ತಿ ಕುದಿಸಬೇಕು. ಚೀಟಲ್ ಫೋರ್ಸೆಪ್ಸ್ ಎಂಬ ಉದ್ದನೆಯ ಇಕ್ಕಳದಲ್ಲಿ ಎತ್ತಿ ಕಿಡ್ನಿ ಟ್ರೇಗೆ ಇಳಿಸಬೇಕು. ಸೂಜಿಯ ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡರೆ ಮೊನೆ ಮಡಚಿದೆ ಎಂದರ್ಥ, ಬೇರೆ ಸೂಜಿ ತೆಗೆದುಕೊಳ್ಳಬೇಕು. ಪುಡಿ ಔಷಧದ ಸೀಸೆಗೆ ನೀರು ಸೇರಿಸಿ, ಕರಗುವವರೆಗೂ ಅಂಗೈಯಲ್ಲಿ ಉರುಳಿಸಬೇಕು. ಆಮೇಲೆ ಟಾರ್ಚಿನ ಬೆಳಕಲ್ಲಿ ರೋಗಿಯ ಸೊಂಟದ ಕೆಳಗೆ ಚುಚ್ಚದೇ ಉಳಿದ ಜಾಗ ಹುಡುಕಬೇಕು. ಕ್ಷಯದ ರೋಗಿಗೆ ಅಲ್ಲಿ ಮಾಂಸವೇ ಇರುವುದಿಲ್ಲ. ಎಡಕ್ಕೆ ಚುಚ್ಚಿದ್ದೆವೋ ಬಲಕ್ಕೋ ಎಂಬುದು ನಿಮಗಿಂತ ಮೊದಲು ರೋಗಿಗೇ ನೆನಪಿರುತ್ತದೆ.

ಐತಿಹಾಸಿಕ ಕಾದಂಬರಿ ಬರೆಯುವವರಿಗೆ ನಾನು ಹೇಳುವುದು ಒಂದೇ: ನಮಗೆ ಗೊತ್ತಿರುವುದನ್ನು ಪಾತ್ರಕ್ಕೆ ಸಾಲ ಕೊಡಬಾರದು. ಸ್ಟ್ರೆಪ್ಟೊಮೈಸಿನ್ ಮುಟ್ಟಿ ಮುಟ್ಟಿ ನರ್ಸುಗಳ ಬೆರಳು, ಕಣ್ಣಿನ ರೆಪ್ಪೆ ತುರಿಸಿ ಕೆಂಪಾಗುತ್ತಿತ್ತು. ಇಂದು ಅದು ಯಾವುದೇ ನರ್ಸಿಗೆ ತಿಳಿಯುತ್ತದೆ. ನನ್ನ ಹುಡುಗಿಗೆ ಹೇಗೆ ಗೊತ್ತಾಗಬೇಕು? ಅದು 1947ರ ಚಳಿ. ಜನವರಿ ಕೊನೆಯಿಂದ ಮಾರ್ಚ್‌ವರೆಗೂ ಹಿಮ, ಕಲ್ಲಿದ್ದಲು ಸಾಗದೆ ಕರೆಂಟು ಕಡಿತ. ಊರಲ್ಲಿ ಅರ್ಧದಷ್ಟು ಜನರ ಬೆರಳು ಚಳಿಗೆ ಊದಿಕೊಂಡಿವೆ. ಅವಳೂ ಚಳಿಯಿಂದಲೇ ಎಂದುಕೊಂಡು ವ್ಯಾಸಲಿನ್ ಹಚ್ಚಿಕೊಂಡು ಕೆಲಸಕ್ಕೆ ಹೋಗುತ್ತಾಳೆ. ಕೊನೆಯ ಪುಟದವರೆಗೂ ಕಾರಣ ಅವಳಿಗೆ ತಿಳಿಯುವುದಿಲ್ಲ.

ಎಸ್ ಮತ್ತು ಸಿ ರೋಗಿಗಳನ್ನು ಅಕ್ಕಪಕ್ಕದ ಮಂಚಗಳಲ್ಲಿ ಮಲಗಿಸುವ ಆಸೆ ಯಾವ ಲೇಖಕರಿಗಾದರೂ ಬರುತ್ತದೆ. ಆದರೆ ಸಾಮಾನ್ಯವಾಗಿ ಅವರು ಬೇರೆ ಬೇರೆ ವಾರ್ಡಿನಲ್ಲಿದ್ದರು ಎಂದು ವರದಿಯೇ ಹೇಳುತ್ತದೆ. ಈ ಕಟ್ಟುಪಾಡು ನನಗೆ ಒಳ್ಳೆಯದೇ ಮಾಡಿತು. ಎರಡು ವಾರ್ಡುಗಳ ನಡುವಿನ ಮೊಗಸಾಲೆ ಕಾದಂಬರಿಯ ಮುಖ್ಯ ಜಾಗವಾಯಿತು. ಸಿ ವಾರ್ಡಿಗೆ ಹೋಗುವ ಮುಂಚೆ ಅವಳು ಟ್ರೇಯನ್ನು ಅಲ್ಲೇ ಇಟ್ಟು ಹೋಗುತ್ತಾಳೆ. ಆ ವಾರ್ಡಿನ ಹತ್ತೊಂಬತ್ತರ ಹುಡುಗಿಯೊಬ್ಬಳು ಒಂದು ಸಂಜೆ ಹೇಳುತ್ತಾಳೆ: ‘ಆಚೆ ವಾರ್ಡಿನವರಿಗೆ ದಿನಕ್ಕೆ ನಾಲ್ಕು ಸಲ ಸೂಜಿಯಂತೆ ನರ್ಸ್, ಪಾಪ. ನನಗದು ಇಲ್ಲವಲ್ಲ, ಪುಣ್ಯ.’ ನನ್ನ ನಾಯಕಿ ಅವಳ ಕಂಬಳಿ ಸರಿಪಡಿಸುತ್ತಾಳೆ. ಆ ಪುಟದಲ್ಲಿ ಅವಳ ಮನಸ್ಸಿನ ಮಾತೊಂದನ್ನೂ ಬರೆದಿಲ್ಲ. ವಾರ್ಡಿನಲ್ಲಿ ದುಡಿದ ಯಾರಿಗೇ ಆದರೂ ಆ ಮೌನ ಗೊತ್ತು.

ರೇಷನ್ ವಿಷಯ ಕನ್ನಡ ಓದುಗರಿಗೆ ವಿವರಿಸಬೇಕಾಗಲಿಲ್ಲ. ಯುದ್ಧ ನಡೆಯುವಾಗಲೂ ಇರದಿದ್ದ ಬ್ರೆಡ್ ರೇಷನ್, ಗೆದ್ದ ಮೇಲೆ, 1946ರ ಜುಲೈಯಿಂದ ಎರಡು ವರ್ಷ ಬಂತು ಎಂಬುದೊಂದೇ ಆ ದೇಶದ ಬಸವಳಿಕೆಗೆ ಸಾಕು. ನರ್ಸುಗಳ ಹಾಸ್ಟೆಲ್ಲಿನಲ್ಲಿ ಸಕ್ಕರೆ, ಬೆಣ್ಣೆಯ ಡಬ್ಬಿಗಳ ಮೇಲೆ ಒಬ್ಬೊಬ್ಬಳ ಹೆಸರು. ರಾತ್ರಿ ತಡವಾಗಿ ಬರಲು ಪಾಸ್, ಮದುವೆಯಾದರೆ ಬಹುಪಾಲು ಕೆಲಸಕ್ಕೆ ವಿದಾಯ. ಇಂಥ ವಿವರಗಳಿಗೆ ಆ ಕಾಲದ ನರ್ಸಿಂಗ್ ಪತ್ರಿಕೆಗಳನ್ನು ಓದಿದೆ. 1956ರವರೆಗೂ ಬಂದ ಬ್ರಿಟಿಷ್ ಜರ್ನಲ್ ಆಫ್ ನರ್ಸಿಂಗ್‌ನ ಸಂಚಿಕೆಗಳನ್ನು ಡಿಜಿಟಲ್ ಮಾಡಿದ್ದಾರೆ.

1948ರ ಜುಲೈ 5ರಂದು ಆರೋಗ್ಯ ಸಚಿವ ಅನೈರಿನ್ ಬೆವನ್ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದ ದಿನಕ್ಕೆ ಅರ್ಧ ಪುಟ ಕೊಟ್ಟಿದ್ದೇನೆ. ದೇಶದ ಚರಿತ್ರೆಯಲ್ಲಿ ಅದು ದೊಡ್ಡ ದಿನ. ಬಡವರು ಡಾಕ್ಟರ ಬಿಲ್ಲಿಗೆ ಹೆದರುವುದು ತಪ್ಪಿತು. ವಾರ್ಡಿನಲ್ಲಿ ಅದೊಂದು ಸೋಮವಾರ. ಬೆಡ್‌ಪ್ಯಾನ್ ಭಾನುವಾರದಷ್ಟೇ ಇದ್ದವು.

ಹಸ್ತಪ್ರತಿ ಓದಿದವರು ಕೇಳಿದ್ದು ಎಸ್ ವಾರ್ಡಿನ ಹುಡುಗಿಯ ಬಗ್ಗೆ. ಜ್ವರ ಇಳಿದು, ತೂಕ ಏರಿ, ಮನೆಗೆ ಹೋಗುವ ಮಾತಾಡುತ್ತಿದ್ದವಳಿಗೆ ಐದನೇ ತಿಂಗಳಲ್ಲಿ ಮತ್ತೆ ಜ್ವರ ಬರುತ್ತದೆ. ‘ಔಷಧ ಸಿಕ್ಕವಳನ್ನಾದರೂ ಉಳಿಸಬಾರದಿತ್ತೇ?’ ಎಂದರು. ಒಂದೇ ಔಷಧ ಕೊಟ್ಟಾಗ ರೋಗಾಣು ಅದಕ್ಕೆ ಬಗ್ಗದಂತಾಗುತ್ತಿತ್ತು, ಆ ಪ್ರಯೋಗದಲ್ಲೇ ಅನೇಕರಿಗೆ ಹಾಗಾಯಿತು. ಪಿಎಎಸ್ ಎಂಬ ಇನ್ನೊಂದು ಔಷಧವನ್ನೂ ಜೊತೆಗೆ ಕೊಟ್ಟರೆ ಅದನ್ನು ತಡೆಯಬಹುದು ಎಂದು ತೋರಿಸಿಕೊಟ್ಟದ್ದು ಆಮೇಲಿನ ಪ್ರಯೋಗ. ನನ್ನ ಕತೆ 1948ಕ್ಕೇ ಮುಗಿಯುತ್ತದೆ. ಆ ಅಧ್ಯಾಯವನ್ನು ಬದಲಾಯಿಸಲಿಲ್ಲ.