ಟರ್ಬೊ ಕಾರಿನ ಎಂಜಿನ್‌ಗೆ ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಹಾಕಬಾರದು

2017ರಲ್ಲಿ ಭಾರತಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್‌ನ 2.0 ಟಿಎಸ್‌ಐ ಎಂಜಿನ್ ಕಂಪನಿಯಿಂದಲೇ 230 ಪಿಎಸ್ (ಅಶ್ವಶಕ್ತಿ) ಶಕ್ತಿ, 350 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಕೊಡುತ್ತದೆ. ಈಗ ಇವು ಸೆಕೆಂಡ್ ಹ್ಯಾಂಡ್‌ನಲ್ಲಿ ಕೈ ಬದಲಾಯಿಸುತ್ತಿವೆ. ಕೊಂಡವರು ಮೊದಲು ಕೇಳುವುದು ಇದರಿಂದ ಇನ್ನೆಷ್ಟು ತೆಗೆಯಬಹುದು ಅಂತ. ತೆಗೆಯುವುದು ಕಷ್ಟವಲ್ಲ. ಟರ್ಬೊ ಎಂಜಿನ್‌ನಲ್ಲಿ ಬೂಸ್ಟ್ (ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡ), ಇಂಧನ, ಕಿಡಿಯ ಸಮಯ ಮೂರನ್ನೂ ನಿರ್ಧರಿಸುವುದು ಇಸಿಯು, ಅಂದರೆ ಎಂಜಿನ್‌ನ ಕಂಪ್ಯೂಟರ್, ಒಳಗಿನ ಸಾಫ್ಟ್‌ವೇರ್. ಒಂದು ಪಾರ್ಟೂ ಬದಲಿಸದೆ, ಒಳ್ಳೆಯ ಪೆಟ್ರೋಲ್ ಮೇಲೆ ಇದೇ ಎಂಜಿನ್ 280–300 ಪಿಎಸ್ ಆಸುಪಾಸಿಗೆ ಬರುತ್ತದೆ. ಲೆಕ್ಕ ತಪ್ಪುವುದು ಆ ಹೆಚ್ಚುವರಿ ಶಕ್ತಿ ಮುಂದೆ ಏನೇನನ್ನು ಕೊಳ್ಳಿಸುತ್ತದೆ ಎನ್ನುವಲ್ಲಿ.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ. ರೀಮ್ಯಾಪ್‌ಗೆ (ಆ ಸಾಫ್ಟ್‌ವೇರ್‌ನ ಅಂಕಿಗಳನ್ನು, ಅಂದರೆ ಮ್ಯಾಪನ್ನು, ಬದಲಿಸಿ ಬರೆಯುವುದಕ್ಕೆ) 50,000 ರೂಪಾಯಿ, ಸಿಕ್ಕಿದ್ದು 60 ಪಿಎಸ್. ಒಂದು ಪಿಎಸ್‌ಗೆ ಸುಮಾರು 830 ರೂಪಾಯಿ. ಆದರೆ ಅದಕ್ಕಾಗಿ ಹೊಸ ಸ್ಪಾರ್ಕ್ ಪ್ಲಗ್, ಇಗ್ನಿಷನ್ ಕಾಯಿಲ್, ಗಿಯರ್‌ಬಾಕ್ಸ್ ಆಯಿಲ್, ಗಿಯರ್‌ಬಾಕ್ಸ್ ಸಾಫ್ಟ್‌ವೇರ್ ಎಲ್ಲ ಸೇರಿ ಇನ್ನೊಂದು 70,000 ಆದರೆ, ಪಿಎಸ್‌ಗೆ 2,000. ಹಾಗಿದ್ದರೂ ಪರವಾಗಿಲ್ಲ. ಅದರ ಬದಲು 60,000 ಕೊಟ್ಟು ಹಿಂದಿನ ಸೈಲೆನ್ಸರ್ ಬದಲಿಸಿ 5 ಪಿಎಸ್ ಸಿಕ್ಕಿದರೆ ಪಿಎಸ್‌ಗೆ 12,000. ಮೂಗಿಗಿಂತ ಮೂಗುತಿ ಭಾರ. ನಿಮ್ಮ ಊರಿನ ಗ್ಯಾರೇಜ್ ಕೊಟ್ಟ ಕೊಟೇಶನ್ ಹಿಡಿದು ಇದೇ ಭಾಗಾಕಾರ ಮಾಡಿ. ಪಾರ್ಟಿನ ಬೆಲೆಗೆ ಕೂಲಿ, ಅದರ ಜೊತೆ ಬದಲಿಸಲೇಬೇಕಾದ ಸಾಮಾನು, ಪ್ರತಿ ಟ್ಯಾಂಕಿಗೆ ಹೆಚ್ಚುವ ಪೆಟ್ರೋಲ್ ಖರ್ಚು ಮೂರನ್ನೂ ಸೇರಿಸಿ.

ಮೊದಲು ಎಂಜಿನ್‌ನ ಆರೋಗ್ಯ

ಸೋರುವ ಮಡಕೆಗೆ ನೀರು ತುಂಬಿ ಪ್ರಯೋಜನವಿಲ್ಲ. ಈ ಎಂಜಿನ್ ಕುಟುಂಬದಲ್ಲಿ (ಇಎ888, ಮೂರನೇ ತಲೆಮಾರು) ಪ್ಲಾಸ್ಟಿಕ್‌ನ ವಾಟರ್ ಪಂಪ್–ಥರ್ಮೋಸ್ಟಾಟ್ ಹೌಸಿಂಗ್ ಸೋರುವುದು ಎಲ್ಲರಿಗೂ ಗೊತ್ತಿರುವ ಕಾಯಿಲೆ. ಕೂಲೆಂಟ್ ಮಟ್ಟ ನಿಧಾನವಾಗಿ ಇಳಿಯುತ್ತಿದೆಯೇ, ಇಂಟೇಕ್ ಮ್ಯಾನಿಫೋಲ್ಡ್ ಕೆಳಗೆ ಒಣಗಿದ ಗುಲಾಬಿ ಕಲೆ ಇದೆಯೇ ನೋಡಿ. ಇದ್ದರೆ ಮೊದಲ ದುಡ್ಡು ಅಲ್ಲಿಗೆ.

ಆಮೇಲೆ ಇಂಟೇಕ್ ವಾಲ್ವ್‌ಗಳ ಮೇಲಿನ ಕಾರ್ಬನ್. ನೇರ ಸಿಂಪಡಣೆ ಮಾತ್ರ ಇರುವ ಎಂಜಿನ್‌ನಲ್ಲಿ ಪೆಟ್ರೋಲ್ ಸೀದಾ ಸಿಲಿಂಡರ್ ಒಳಗೆ ಹೋಗುತ್ತದೆ, ವಾಲ್ವ್‌ನ ಬೆನ್ನನ್ನು ತೊಳೆಯುವುದಿಲ್ಲ. ಕ್ರ್ಯಾಂಕ್‌ಕೇಸಿನಿಂದ ಬರುವ ಆಯಿಲ್ ಆವಿ ಅಲ್ಲಿ ಸುಟ್ಟು ಕರಿ ಕಟ್ಟುತ್ತದೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿದಾಗ ಒರಟಾಗಿ ನಡುಗಿದರೆ, ಮಿಸ್‌ಫೈರ್ ಎಣಿಕೆ ಏರಿದರೆ, ಬೋರೋಸ್ಕೋಪ್ (ಒಳಗೆ ಇಳಿಸುವ ಸಣ್ಣ ಕ್ಯಾಮೆರಾ) ಹಾಕಿ ನೋಡಿಸಿ. ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಹೊಡೆದು ತೆಗೆಯುವುದೇ ಸರಿಯಾದ ವಿಧಾನ. ಟ್ಯಾಂಕಿಗೆ ಸುರಿಯುವ ಕ್ಲೀನರ್ ಬಾಟಲಿ ಇಂಜೆಕ್ಟರ್ ತನಕ ಹೋಗುತ್ತದೆಯೇ ಹೊರತು ಆ ವಾಲ್ವ್ ಬೆನ್ನನ್ನು ಮುಟ್ಟುವುದೇ ಇಲ್ಲ.

ಸ್ಪಾರ್ಕ್ ಪ್ಲಗ್ ಹೊಸದು ಹಾಕಿ, ಗ್ಯಾಪ್ 0.6ರಿಂದ 0.7 ಮಿ.ಮೀ. ಒಳಗಿರಲಿ. ಬೂಸ್ಟ್ ಹೆಚ್ಚಿದಷ್ಟೂ ಒತ್ತಡದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ. ಅಗಲವಾದ ಗ್ಯಾಪ್ ಇದ್ದರೆ ಕಿಡಿ ಆರಿ ಮಿಸ್‌ಫೈರ್ ಆಗುತ್ತದೆ, ಉರಿಯದ ಪೆಟ್ರೋಲ್ ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಹೋಗಿ ಅಲ್ಲಿ ಉರಿದು ಅದನ್ನೇ ಕರಗಿಸುತ್ತದೆ. ಚೆಕ್ ಎಂಜಿನ್ ದೀಪ ಮಿಣುಕಲು ಶುರುವಾದರೆ ಅದೇ ಅರ್ಥ: ಆಗಲೇ ಕಾಲು ತೆಗೆಯಬೇಕು.

ವಿಆರ್‌ಎಸ್‌ನ ಆರು ಗಿಯರ್‌ನ ಡಿಕ್ಯೂ250 ಡಿಎಸ್‌ಜಿಗೆ (ಎರಡು ಕ್ಲಚ್‌ನ ಆಟೊಮ್ಯಾಟಿಕ್ ಗಿಯರ್‌ಬಾಕ್ಸ್) ಆಯಿಲ್ ಮತ್ತು ಫಿಲ್ಟರ್ 60,000 ಕಿ.ಮೀ.ಗೊಮ್ಮೆ. ಹಿಂದಿನ ಮಾಲೀಕರು ಮಾಡಿಸಿದ ಬಿಲ್ ಇಲ್ಲದಿದ್ದರೆ ಮಾಡಿಸಿಲ್ಲ ಅಂತಲೇ ತಿಳಿಯಿರಿ.

ಲಾಗ್ ತೆಗೆಯದೆ ಮ್ಯಾಪ್ ಮುಟ್ಟಬೇಡಿ

ವಿಸಿಡಿಎಸ್ ಅಥವಾ ಓಬಿಡಿಇಲೆವೆನ್‌ನಂಥ, ಕಾರಿಗೆ ಜೋಡಿಸಿ ಇಸಿಯು ಅಂಕಿಗಳನ್ನು ಓದುವ ಸಾಧನ ಸಾಕು. ಡೈನೋ (ಶಕ್ತಿ ಅಳೆಯುವ ಯಂತ್ರ) ಮೇಲೆ ಅಥವಾ ರೇಸ್ ಟ್ರ್ಯಾಕಿನಲ್ಲಿ, ಮೂರನೇ ಗಿಯರ್‌ನಲ್ಲಿ, 2,000ದಿಂದ 6,500 ಆರ್‌ಪಿಎಂವರೆಗೆ ಪೂರ್ತಿ ಆಕ್ಸಿಲರೇಟರ್ ಒತ್ತಿ ದಾಖಲಿಸಿ; ಈ ದಾಖಲೆಯೇ ಲಾಗ್. ಬೇಕಾದವು ಇವು: ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್, ನಾಲ್ಕೂ ಸಿಲಿಂಡರ್‌ಗಳ ಇಗ್ನಿಷನ್ ಕಡಿತ (ನಾಕ್, ಅಂದರೆ ಮಿಶ್ರಣ ತಾನಾಗಿ ಸಿಡಿಯುವುದನ್ನು ತಡೆಯಲು ಇಸಿಯು ಕಿಡಿಯನ್ನು ಎಷ್ಟು ಡಿಗ್ರಿ ತಡಮಾಡಿತು), ಒಳಗೆ ಹೋಗುವ ಗಾಳಿಯ ಉಷ್ಣತೆ, ಇಂಧನ ರೈಲ್ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಪೈಪ್) ಒತ್ತಡ, ಲ್ಯಾಂಬ್ಡಾ (ಗಾಳಿ–ಪೆಟ್ರೋಲ್ ಅನುಪಾತ).

ಓದುವುದು ಹೀಗೆ. ಒಂದೆರಡು ಸಿಲಿಂಡರ್‌ನಲ್ಲಿ ಆಗೊಮ್ಮೆ ಈಗೊಮ್ಮೆ 2–3 ಡಿಗ್ರಿ ಕಡಿತ ಬಂದು ಹೋದರೆ ಚಿಂತೆಯಿಲ್ಲ. ನಾಲ್ಕರಲ್ಲೂ 5 ಡಿಗ್ರಿ ದಾಟಿ ನಿಂತರೆ ಪೆಟ್ರೋಲ್‌ನ ಆಕ್ಟೇನ್ (ನಾಕ್ ತಡೆಯುವ ಗುಣ) ಸಾಲದು ಅಥವಾ ಗಾಳಿ ಬಿಸಿ. ಒಂದೇ ಸಿಲಿಂಡರ್‌ನಲ್ಲಿ ಯಾವಾಗಲೂ ಇದ್ದರೆ ಅದು ಆ ಸಿಲಿಂಡರ್‌ನ ರೋಗ: ಪ್ಲಗ್, ಇಂಜೆಕ್ಟರ್, ಕಾರ್ಬನ್. ಕೇಳಿದ ಬೂಸ್ಟ್ ಸಿಗದಿದ್ದರೆ ಪೈಪಿನ ಕ್ಲಾಂಪ್ ಸಡಿಲವಿದೆಯೋ, ಹೆಚ್ಚಾದ ಬೂಸ್ಟ್ ಬಿಡುವ ಡೈವರ್ಟರ್ ವಾಲ್ವ್ ಸೋರುತ್ತಿದೆಯೋ ಹುಡುಕಿ. ಕಂಪನಿ ಮ್ಯಾಪ್‌ನಲ್ಲೇ ಈ ಲಾಗ್ ಗಬ್ಬೆದ್ದಿದ್ದರೆ ಟ್ಯೂನ್ ಮಾಡಿಸುವುದು ಮುಂದಕ್ಕೆ ಹಾಕಿ.

ಬೆಂಗಳೂರಿನವರು ಇನ್ನೊಂದು ವಿಷಯ ಲೆಕ್ಕಕ್ಕೆ ಹಿಡಿಯಬೇಕು. ಊರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರ, ಗಾಳಿಯ ಒತ್ತಡ ಸುಮಾರು 910 ಮಿಲಿಬಾರ್. ಮಂಗಳೂರಿನಲ್ಲಿ 1,010 ಚಿಲ್ಲರೆ. ಟರ್ಬೊ ಇಲ್ಲದ ಕಾರು ಇಲ್ಲಿ ಹತ್ತರಲ್ಲೊಂದು ಪಾಲು ಶಕ್ತಿ ಕಳೆದುಕೊಂಡೇ ಓಡುತ್ತದೆ. ಟರ್ಬೊ ಕಾರು ಕಳೆದುಕೊಂಡಂತೆ ಕಾಣುವುದಿಲ್ಲ, ಆದರೆ ಬೆವರು ಹೆಚ್ಚು ಸುರಿಸುತ್ತದೆ. ಮ್ಯಾಪ್ 2,200 ಮಿಲಿಬಾರ್ ಕೇಳಿದರೆ ಮಂಗಳೂರಿನಲ್ಲಿ ಟರ್ಬೊ ಗಾಳಿಯನ್ನು 2.2 ಪಟ್ಟು ಒತ್ತಬೇಕು, ಬೆಂಗಳೂರಿನಲ್ಲಿ 2.4 ಪಟ್ಟು. ಟರ್ಬೊ ಹೆಚ್ಚು ವೇಗವಾಗಿ ತಿರುಗುತ್ತದೆ, ಗಾಳಿ ಹೆಚ್ಚು ಬಿಸಿಯಾಗುತ್ತದೆ. ಯುರೋಪಿನ ಬಯಲು ಸೀಮೆಯಲ್ಲಿ ಬರೆದ ಮ್ಯಾಪನ್ನು ಹಾಗೇ ತಂದು ಇಲ್ಲಿ ಹಾಕಿದರೆ ಮೇಲಿನ ಆರ್‌ಪಿಎಂನಲ್ಲಿ ದಮ್ಮು ಕಟ್ಟುವುದು ಇದಕ್ಕೇ. ಘಟ್ಟ ಇಳಿದ ಮೇಲೆ ಸಮಸ್ಯೆ ಬೇರೆ: ಒತ್ತಡ ಅನುಕೂಲ, ಆದರೆ ಸೆಖೆ.

ಪೆಟ್ರೋಲ್ ನಿರ್ಧರಿಸಿದ ಮೇಲೆ ಮ್ಯಾಪ್

ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ. ಎಕ್ಸ್‌ಪಿ95 (95 ಆಕ್ಟೇನ್ ಪೆಟ್ರೋಲ್) ಅಥವಾ ಅದಕ್ಕಿಂತ ಹೆಚ್ಚಿನ ಆಕ್ಟೇನ್ ಮೇಲೆ ಬರೆದ ಮ್ಯಾಪ್ ಹಾಕಿಸಿ, ಚಿಕ್ಕಮಗಳೂರು ದಾಟಿದ ಮೇಲೆ ಸಿಕ್ಕಿದ ಬಂಕಿನಲ್ಲಿ ಸಿಕ್ಕಿದ್ದು ತುಂಬಿಸುತ್ತಾರೆ. ಆಗ ನಾಕ್ ಸೆನ್ಸರ್ ಕಿಡಿಯನ್ನು ಹಿಂದಕ್ಕೆ ತಳ್ಳಿ ಎಂಜಿನ್ ಉಳಿಸುತ್ತದೆ, ಆದರೆ ಕೊಟ್ಟ ದುಡ್ಡಿನ ಶಕ್ತಿ ಮಾಯ, ಎಕ್ಸಾಸ್ಟ್ ಬಿಸಿ. ತಿಂಗಳಲ್ಲಿ ನೀವು ನಿಜವಾಗಿ ಯಾವ ಪೆಟ್ರೋಲ್ ಹಾಕಿಸುತ್ತೀರಿ ಎಂದು ಬಿಲ್ ನೋಡಿ ಹೇಳಿ, ಅದಕ್ಕೇ ಮ್ಯಾಪ್ ಬರೆಸಿ. 100 ಆಕ್ಟೇನ್ ಪೆಟ್ರೋಲ್ ಟ್ರ್ಯಾಕ್ ದಿನಕ್ಕೆ ಸರಿ. ದಿನಾ ಆಫೀಸಿಗೆ ಓಡಿಸುವ ಕಾರಿನ ಮ್ಯಾಪ್ ಅದರ ಮೇಲೆ ನಿಂತರೆ ಅಗ್ಗದ ಟ್ಯೂನ್ ವರ್ಷದೊಳಗೆ ದುಬಾರಿಯಾಗುತ್ತದೆ.

ಎಥನಾಲ್ ನಾಕ್ ತಡೆಯುತ್ತದೆ, ನಿಜ. ಆದರೆ ಲೀಟರ್‌ಗೆ ಅದರಲ್ಲಿರುವ ಶಕ್ತಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ, ಹಾಗಾಗಿ ಇಂಜೆಕ್ಟರ್ ಮತ್ತು ಪಂಪ್ ಹೆಚ್ಚು ಸುರಿಯಬೇಕು. ಎಥನಾಲ್ 100 (ಬಹುಪಾಲು ಎಥನಾಲ್ ಇರುವ ಇಂಧನ) ಸಿಗುವ ಬಂಕಿನಿಂದ ತಂದು ಕಣ್ಣಂದಾಜಿಗೆ ಬೆರೆಸುವ ಸಾಹಸ ಬೇಡ: ರೈಲ್ ಒತ್ತಡ ಕುಸಿದರೆ ಮಿಶ್ರಣ ತೆಳುವಾಗಿ ಪಿಸ್ಟನ್ ಸುಡುತ್ತದೆ.

ಟ್ಯೂನರ್‌ಗೆ ಕೇಳಬೇಕಾದ್ದು

ಎಷ್ಟು ಪಿಎಸ್ ಬರುತ್ತದೆ ಅನ್ನುವುದು ಕೊನೆಯ ಪ್ರಶ್ನೆಯಾಗಲಿ. ಮೊದಲು ಟಾರ್ಕ್ ಗ್ರಾಫ್ ಕೇಳಿ, ಗರಿಷ್ಠ ಟಾರ್ಕ್ ಎಷ್ಟು ಆರ್‌ಪಿಎಂನಲ್ಲಿ ಬರುತ್ತದೆ ನೋಡಿ. 2,000 ಆರ್‌ಪಿಎಂಗೇ 430 ಎನ್‌ಎಂ ಎದ್ದು ನಿಲ್ಲುವ ಮ್ಯಾಪ್ ಓಡಿಸಿದ ಕ್ಷಣ ಖುಷಿ ಕೊಡುತ್ತದೆ, ಕನೆಕ್ಟಿಂಗ್ ರಾಡ್ ಮತ್ತು ಕ್ಲಚ್‌ಗೆ ಅದೇ ಹೊಡೆತ. ಮುಂದಿನ ಚಕ್ರಗಳಿಗಷ್ಟೇ ಶಕ್ತಿ ಹೋಗುವ ಕಾರಿನಲ್ಲಿ ಅದರ ಅರ್ಧ ಟೈರ್ ಹೊಗೆಯಾಗಿ ಹೋಗುತ್ತದೆ. 3,000ದ ಹೊತ್ತಿಗೆ ನಿಧಾನವಾಗಿ 390–400ಕ್ಕೆ ಏರಿ, 5,500ರವರೆಗೆ ಹೆಚ್ಚು ಬೀಳದ ಗ್ರಾಫ್ ಇದಕ್ಕಿಂತ ವೇಗದ ಕಾರು. ನಾಕ್, ರೈಲ್ ಒತ್ತಡ, ಎಕ್ಸಾಸ್ಟ್ ಉಷ್ಣತೆಯ ಕಾವಲುಗಳನ್ನು ಹಾಗೇ ಬಿಟ್ಟಿದ್ದಾರೆಯೇ, ನಿಮ್ಮ ಮೂಲ ಫೈಲ್ ನಿಮಗೆ ಕೊಡುತ್ತಾರೆಯೇ, ಸರ್ವಿಸ್ ಸೆಂಟರ್ ಅಪ್‌ಡೇಟ್ ಮಾಡಿ ಮ್ಯಾಪ್ ಅಳಿಸಿದರೆ ಮತ್ತೆ ಹಾಕಲು ಎಷ್ಟು, ಇವನ್ನೂ ಕೇಳಿ. ಇನ್ಯಾವುದೋ ಕಾರಿನಿಂದ ತೆಗೆದ ಫೈಲ್ ಅಗ್ಗಕ್ಕೆ ಹಾಕುವವರ ಹತ್ತಿರ ಈ ಪ್ರಶ್ನೆಗಳಿಗೆ ಉತ್ತರ ಇರುವುದಿಲ್ಲ.

ತಗುಲಿಸಿ ತೆಗೆಯುವ ಟ್ಯೂನಿಂಗ್ ಬಾಕ್ಸ್ ಬೆಲೆ ಕಡಿಮೆ. ಅದು ಮಾಡುವುದು ಬೂಸ್ಟ್ ಸೆನ್ಸರ್ ಸುಳ್ಳು ಹೇಳುವಂತೆ ಮಾಡುವ ಕೆಲಸ: ಒತ್ತಡ ಕಡಿಮೆಯಿದೆ ಅಂದುಕೊಂಡು ಇಸಿಯು ಇನ್ನಷ್ಟು ಒತ್ತುತ್ತದೆ. ಕಿಡಿಯ ಸಮಯ ಅದಕ್ಕೆ ಹೊಂದುವುದಿಲ್ಲ. ಸಣ್ಣ ಏರಿಕೆಗೆ ನಡೆದೀತು.

ಗಿಯರ್‌ಬಾಕ್ಸ್ ಎಲ್ಲಿ ಗೆರೆ ಎಳೆಯುತ್ತದೆ

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವಂತೆ, ಎಂಜಿನ್ ಮ್ಯಾಪ್ ಟಾರ್ಕ್ ಹೆಚ್ಚಿಸಿದರೂ ಡಿಎಸ್‌ಜಿಯ ಸಾಫ್ಟ್‌ವೇರ್ ತನ್ನ ಮಿತಿ ದಾಟಲು ಬಿಡುವುದಿಲ್ಲ, ಇಲ್ಲವೇ ಕ್ಲಚ್ ಜಾರುತ್ತದೆ. ಆರ್‌ಪಿಎಂ ಮುಳ್ಳು ಏರಿ ವೇಗ ಏರದಿದ್ದರೆ ಅದು ಜಾರುವಿಕೆ. ವಿಆರ್‌ಎಸ್‌ನ ಕ್ಲಚ್ ಆಯಿಲ್‌ನಲ್ಲಿ ಮುಳುಗಿರುವಂಥದ್ದು. ಗಿಯರ್‌ಬಾಕ್ಸ್ ಟ್ಯೂನ್ ಮಾಡಿ ಕ್ಲಚ್ ಒತ್ತಡ ಹೆಚ್ಚಿಸಿದರೆ 400 ಎನ್‌ಎಂ ಆಸುಪಾಸು ತಡೆದುಕೊಳ್ಳುತ್ತದೆ.

ಅದೇ ಆಕ್ಟೇವಿಯಾ 1.8 ಟಿಎಸ್‌ಐ ಇದ್ದವರ ಕಥೆ ಬೇರೆ. ಅದರಲ್ಲಿರುವುದು ಒಣ ಕ್ಲಚ್‌ನ ಏಳು ಗಿಯರ್ ಡಿಕ್ಯೂ200. ಅದರ ಮಿತಿಯೇ 250 ಎನ್‌ಎಂ, ಕಂಪನಿ ಎಂಜಿನ್ನನ್ನೂ ಸರಿಯಾಗಿ 250ಕ್ಕೇ ಕಟ್ಟಿಹಾಕಿದೆ. 330 ಎನ್‌ಎಂ ಮ್ಯಾಪ್ ಹಾಕಿ ಟ್ರಾಫಿಕ್‌ನಲ್ಲಿ ಓಡಿಸಿದರೆ ಕ್ಲಚ್ ಪ್ಯಾಕ್ ಬಿಲ್ ಮ್ಯಾಪ್‌ನ ಬಿಲ್ಲನ್ನು ನುಂಗುತ್ತದೆ. ಆದರೂ ಇಲ್ಲಿ ಒಂದು ದಾರಿಯಿದೆ. ಪಿಎಸ್ ಎಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7,024ರಿಂದ ಭಾಗಿಸಿದ್ದು. ಕಂಪನಿಯ 180 ಪಿಎಸ್ 6,200 ಆರ್‌ಪಿಎಂನಲ್ಲಿ ಬರುವಾಗ ಟಾರ್ಕ್ ಸುಮಾರು 204ಕ್ಕೆ ಇಳಿದಿರುತ್ತದೆ. ಟಾರ್ಕ್ ಏರಿಸದೆ, 250 ಎನ್‌ಎಂ ಅನ್ನೇ 6,000 ಆರ್‌ಪಿಎಂವರೆಗೆ ಹಿಡಿದಿಟ್ಟರೆ ಸುಮಾರು 214 ಪಿಎಸ್. ಗಿಯರ್‌ಬಾಕ್ಸ್‌ನ ಮಿತಿ ದಾಟದೆಯೇ 30ಕ್ಕೂ ಹೆಚ್ಚು ಪಿಎಸ್ ಬಂತು. ಇಂಥ ಮ್ಯಾಪ್ ಕೇಳಿದರೆ ಕೆಲವರು ಇದೇನು ಸಪ್ಪೆ ಅನ್ನುತ್ತಾರೆ. ಅನ್ನಲಿ.

ಹಾರ್ಡ್‌ವೇರ್: ಕೊಳ್ಳಬಹುದಾದ್ದು, ಬಿಡಬಹುದಾದ್ದು

ಕೋನ್ ಏರ್ ಫಿಲ್ಟರ್ ಬಿಟ್ಟುಬಿಡಿ. ಕಂಪನಿಯ ಡಬ್ಬಿ ಮುಂದಿನ ಗ್ರಿಲ್‌ನಿಂದ ತಣ್ಣನೆ ಗಾಳಿ ಎಳೆಯುತ್ತದೆ; ತೆರೆದ ಕೋನ್ ಬಾನೆಟ್ ಒಳಗಿನ ಬಿಸಿ ಗಾಳಿ ಎಳೆದು ಸದ್ದು ಮಾಡುತ್ತದೆ. ಹೊಸ ಕಾಗದದ ಫಿಲ್ಟರ್ ಸಾಕು.

ಹಿಂದಿನ ಸೈಲೆನ್ಸರ್ ಸದ್ದಿಗಷ್ಟೇ. ನಿಜವಾದ ಅಡ್ಡಿ ಟರ್ಬೊ ಪಕ್ಕದ ಡೌನ್‌ಪೈಪ್, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್. ಅದನ್ನು ತೆಗೆದರೆ ಶಕ್ತಿ ಬರುತ್ತದೆ, ಜೊತೆಗೆ ಕಾನೂನೂ ಬರುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ ಪ್ರತಿ ಅಕ್ರಮ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಸಜೆ, ಅಥವಾ ಎರಡೂ. ಹೊಗೆ ಮತ್ತು ಸದ್ದಿಗೆ 190(2)ರಡಿ 10,000 ರೂಪಾಯಿವರೆಗೆ. ವಿಮೆ ಕಂಪನಿಗೆ ತಿಳಿಸದ ಬದಲಾವಣೆ ಕ್ಲೇಮ್ ಹೊತ್ತಿಗೆ ಎದುರು ನಿಲ್ಲುತ್ತದೆ. ಸಾಫ್ಟ್‌ವೇರ್ ಕಣ್ಣಿಗೆ ಕಾಣದಿದ್ದರೂ ಸ್ಕೋಡಾ ಸೇರಿರುವ ಫೋಕ್ಸ್‌ವ್ಯಾಗನ್ ಸಮೂಹದ ಸರ್ವಿಸ್ ಕಂಪ್ಯೂಟರ್ ಬದಲಾದ ಇಸಿಯು ಗುರುತಿಸಿ ಟಿಡಿ1 ಎಂಬ ಗುರುತು ಹಾಕುತ್ತದೆ. ವಾರಂಟಿ ಬಾಕಿ ಇದ್ದರೆ ಎಂಜಿನ್, ಗಿಯರ್‌ಬಾಕ್ಸ್ ಮೇಲಿನ ಹಕ್ಕು ಹೋದಂತೆ. ರಸ್ತೆಯ ಕಾರಿಗೆ ಡೌನ್‌ಪೈಪ್ ಲೆಕ್ಕಕ್ಕೇ ತರಬೇಡಿ.

ಟರ್ಬೊ ಬಿಸಿಮಾಡಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಒಂದೇ ಯೋಚಿಸಬೇಕಾದ ಪಾರ್ಟ್. ಅದು ಡೈನೋ ಹಾಳೆಯಲ್ಲಿ ಹೆಚ್ಚು ತೋರಿಸುವುದಿಲ್ಲ, ಮೂರನೇ ನಾಲ್ಕನೇ ಓಟದಲ್ಲೂ ಮೊದಲನೆಯದರಷ್ಟೇ ಶಕ್ತಿ ಉಳಿಸುತ್ತದೆ. ಬೇಕೋ ಬೇಡವೋ ಲಾಗ್ ಹೇಳುತ್ತದೆ: ಏಪ್ರಿಲ್ ಮಧ್ಯಾಹ್ನ ಮೂರು ಓಟ ಬೆನ್ನುಬೆನ್ನಿಗೆ ತೆಗೆಯಿರಿ. ಒಳಗಾಳಿ ಪ್ರತಿ ಓಟಕ್ಕೂ ಏರುತ್ತಲೇ ಹೋಗಿ, ಇಗ್ನಿಷನ್ ಕಡಿತ ಅದರ ಜೊತೆಗೇ ಬೆಳೆದರೆ ಕೊಳ್ಳಿ. ಚೆನ್ನೈ ಅಥವಾ ಕೊಯಮತ್ತೂರಿನ ಟ್ರ್ಯಾಕ್‌ಗೆ ಹೋಗುವವರಿಗೆ ಬೇಕೇ ಬೇಕು. ನಗರದೊಳಗೆ ಓಡಿಸುವವರು ಆ ದುಡ್ಡಲ್ಲಿ ಒಳ್ಳೆಯ ಟೈರ್, ಬ್ರೇಕ್ ಪ್ಯಾಡ್, ಹೊಸ ಡಾಟ್ 4 ಬ್ರೇಕ್ ಫ್ಲೂಯಿಡ್ ಹಾಕಿಸಲಿ.

ಟರ್ಬೊ ಇಲ್ಲದ ಕಾರಿದ್ದವರಿಗೆ ಒಂದೇ ಮಾತು: ಫಿಲ್ಟರ್, ಹೆಡರ್, ಸೈಲೆನ್ಸರ್, ಮ್ಯಾಪ್ ಎಲ್ಲ ಸೇರಿ ಬರುವುದು ಬೆರಳೆಣಿಕೆ ಕುದುರೆಗಳು. ಕಾರಿನ ತೂಕ ಇಳಿಸಿ, ಟೈರ್ ಬದಲಿಸಿ.

ಮ್ಯಾಪ್ ಹಾಕಿಸಿದ ಮೇಲೆ

ಮೊದಲ 500 ಕಿ.ಮೀ. ಒಳಗೆ ಮತ್ತೆ ಲಾಗ್, ಅದೇ ಜಾಗ, ಅದೇ ಗಿಯರ್, ಅದೇ ಪೆಟ್ರೋಲ್. ಡೈನೋ ಹಾಕಿದರೆ ಮುಂಚೆ ಹಾಕಿದ ಅದೇ ಯಂತ್ರದಲ್ಲೇ ಹಾಕಿ, ಒಂದೊಂದು ಯಂತ್ರ ಒಂದೊಂದು ಅಂಕಿ ಹೇಳುತ್ತದೆ. ಎಂಜಿನ್ ಆಯಿಲ್ ವಿಡಬ್ಲ್ಯು 502 00 ದರ್ಜೆಯದ್ದೇ ಇರಲಿ, 7,500 ಕಿ.ಮೀ.ಗೆ ಬದಲಿಸಿ, ಪ್ಲಗ್‌ಗಳನ್ನು ಕಂಪನಿ ಹೇಳಿದ ಅರ್ಧ ಅವಧಿಗೆ.

ಓಡಿಸುವ ಅಭ್ಯಾಸವೂ ಸ್ವಲ್ಪ ಬದಲಾಗಬೇಕು. ಡಿ ಮೋಡ್‌ನಲ್ಲಿ ಡಿಎಸ್‌ಜಿ ಬೇಗ ಆರನೇ ಗಿಯರ್‌ಗೆ ಹೋಗುತ್ತದೆ. ಅಲ್ಲಿ 1,500 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ತುಳಿದರೆ ಬೂಸ್ಟ್ ಹೆಚ್ಚು, ಪಿಸ್ಟನ್ ನಿಧಾನ. ಕಿಡಿಗೆ ಮೊದಲೇ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವ ಅಪಾಯ ಇಲ್ಲೇ ಹೆಚ್ಚು, ಮತ್ತು ಅದನ್ನು ನಾಕ್ ಸೆನ್ಸರ್ ತಡೆಯಲಾರದು. ಓವರ್‌ಟೇಕ್‌ಗೆ ಮೊದಲು ಎರಡು ಗಿಯರ್ ಇಳಿಸಿ, ಆಮೇಲೆ ತುಳಿಯಿರಿ.