ಮಗುವಿನ ಟೆನಿಸ್: ಎಐಟಿಎ ವ್ಯವಸ್ಥೆಯೊಳಗೆ ಹೆಜ್ಜೆ ಇಡುವುದು ಹೇಗೆ?

ಅಕಾಡೆಮಿಯಲ್ಲಿ ಕೆಲವು ವರ್ಷ ಕಲಿತ ಮಗುವನ್ನು ಇನ್ನು ಟೂರ್ನಿಗೆ ಇಳಿಸಬಹುದು ಎಂದು ತರಬೇತುದಾರರು ಹೇಳಿದ ದಿನದಿಂದ ಪಾಲಕರಿಗೆ ಪದೇ ಪದೇ ಎದುರಾಗುವ ಹೆಸರು ಎಐಟಿಎ, ಅಂದರೆ ಅಖಿಲ ಭಾರತ ಟೆನಿಸ್ ಸಂಸ್ಥೆ. 1920ರಲ್ಲಿ ಹುಟ್ಟಿದ ಈ ಸಂಸ್ಥೆಯ ಕೇಂದ್ರ ದೆಹಲಿಯ ಆರ್.ಕೆ. ಖನ್ನಾ ಟೆನಿಸ್ ಕ್ರೀಡಾಂಗಣದಲ್ಲಿದೆ. ಆಟಗಾರರನ್ನು ತಯಾರು ಮಾಡುವುದೇ ಅದರ ಮುಖ್ಯ ಕೆಲಸ ಎಂದು ನಂಬಿ ಹೋದವರಿಗೆ ನಿರಾಸೆ ಆಗುವುದೇ ಹೆಚ್ಚು. ದಿನನಿತ್ಯದ ತರಬೇತಿ, ಪ್ರಯಾಣ ಮತ್ತು ರ‍್ಯಾಕೆಟ್ಟಿನ ಖರ್ಚು ನಮ್ಮ ದೇಶದಲ್ಲಿ ಬಹುಮಟ್ಟಿಗೆ ಕುಟುಂಬದ ಮೇಲೆಯೇ ಬೀಳುತ್ತದೆ. ಸಂಸ್ಥೆಯ ಕೈಯಲ್ಲಿರುವುದು ಆಟದ ನಿಯಮ, ಟೂರ್ನಿಗಳ ವಾರ್ಷಿಕ ವೇಳಾಪಟ್ಟಿ, ರ‍್ಯಾಂಕಿಂಗ್ ಪಟ್ಟಿ, ಜೊತೆಗೆ ದೇಶದ ಹೆಸರಿನಲ್ಲಿ ತಂಡ ಕಳಿಸುವ ಅಧಿಕಾರ.

ಇದಕ್ಕೆ ಹಣಕಾಸಿನ ಕಾರಣವೂ ಇದೆ. ಆಸ್ಟ್ರೇಲಿಯಾ, ಫ್ರಾನ್ಸ್ ಮತ್ತು ಅಮೆರಿಕದ ರಾಷ್ಟ್ರೀಯ ಸಂಸ್ಥೆಗಳು ತಮ್ಮದೇ ಗ್ರ್ಯಾನ್‌ಸ್ಲಾಮ್ ಟೂರ್ನಿ ನಡೆಸುತ್ತವೆ. ಅದರ ಆದಾಯ ಆ ದೇಶಗಳ ಕಿರಿಯರ ತರಬೇತಿಗೆ ಹರಿಯುತ್ತದೆ. ನಮ್ಮಲ್ಲಿ ಅಂಥ ಟೂರ್ನಿ ಇಲ್ಲ. ಚೆನ್ನೈನಿಂದ 2018ರಲ್ಲಿ ಪುಣೆಗೆ ಸ್ಥಳಾಂತರಗೊಂಡಿದ್ದ ಎಟಿಪಿ 250 ಟೂರ್ನಿಯೂ (ಪುರುಷರ ವೃತ್ತಿಪರ ಟೆನಿಸ್‌ನ ಒಂದು ಶ್ರೇಣಿ) 2023ರ ನಂತರ ನಿಂತುಹೋಯಿತು. ಇದನ್ನು ಅರಿತು ಯೋಜನೆ ಹಾಕಿಕೊಂಡರೆ ಸಂಸ್ಥೆಯಿಂದ ಏನನ್ನು ಕೇಳಬೇಕು, ಏನನ್ನು ಕೇಳಿ ಫಲವಿಲ್ಲ ಎಂಬುದು ಪಾಲಕರಿಗೆ ಸ್ಪಷ್ಟವಾಗುತ್ತದೆ.

ಮೊದಲು ನೋಂದಣಿ

ಎಐಟಿಎ ಜಾಲತಾಣದಲ್ಲಿ ಆಟಗಾರರ ನೋಂದಣಿ ಮಾಡಿಸಿ ಸಂಖ್ಯೆ ಪಡೆಯದೆ ಯಾವುದೇ ರ‍್ಯಾಂಕಿಂಗ್ ಟೂರ್ನಿ ಆಡಲು ಬಾರದು. ಇಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕಾಗದ ಜನನ ಪ್ರಮಾಣಪತ್ರ. ವಯೋವಂಚನೆ ಭಾರತೀಯ ಕ್ರೀಡೆಯ ಹಳೆಯ ಪಿಡುಗಾಗಿರುವುದರಿಂದ, ದಾಖಲೆಯಲ್ಲಿ ಸಂದೇಹ ಕಂಡರೆ ವೈದ್ಯಕೀಯ ಪರೀಕ್ಷೆಗೆ ಹಾಜರಾಗಬೇಕಾಗಬಹುದು. ಶಾಲಾ ದಾಖಲೆ, ಆಧಾರ್ ಮತ್ತು ಪಾಸ್‌ಪೋರ್ಟ್‌ಗಳಲ್ಲಿ ಹೆಸರು ಹಾಗೂ ಹುಟ್ಟಿದ ದಿನಾಂಕ ಒಂದೇ ರೀತಿ ಇವೆಯೇ ಎಂಬುದನ್ನು ನೋಂದಣಿಗೆ ಮುನ್ನವೇ ನೋಡಿಕೊಳ್ಳಿ. ಟೂರ್ನಿಯ ಹಿಂದಿನ ದಿನ ಈ ವ್ಯತ್ಯಾಸ ಸರಿಪಡಿಸಲು ಯಾರಿಂದಲೂ ಆಗುವುದಿಲ್ಲ.

ಕರ್ನಾಟಕದವರಿಗೆ ರಾಜ್ಯಮಟ್ಟದ ಸಂಪರ್ಕ ಕೊಂಡಿ ಬೆಂಗಳೂರಿನ ಕಬ್ಬನ್ ಪಾರ್ಕಿನಲ್ಲಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆ, ಕೆಎಸ್‌ಎಲ್‌ಟಿಎ. ರಾಷ್ಟ್ರೀಯ ಸಂಸ್ಥೆಯ ಸದಸ್ಯರು ಇಂಥ ರಾಜ್ಯ ಸಂಸ್ಥೆಗಳೇ ಆಗಿರುವುದರಿಂದ, ಸ್ಥಳೀಯ ಟೂರ್ನಿ ಹಾಗೂ ರಾಜ್ಯ ತಂಡದ ವಿಚಾರಗಳಿಗೆ ದೆಹಲಿಗೆ ಬರೆಯುವ ಬದಲು ಇಲ್ಲಿಂದಲೇ ಆರಂಭಿಸುವುದು ಸರಿಯಾದ ದಾರಿ.

ಟೂರ್ನಿಗಳ ಆಯ್ಕೆ

ದೇಶದೊಳಗಿನ ಕಿರಿಯರ ಆಟ 12, 14, 16 ಮತ್ತು 18 ವರ್ಷದೊಳಗಿನವರ ವಿಭಾಗಗಳಲ್ಲಿ ನಡೆಯುತ್ತದೆ. ಕೆಳಗಿನಿಂದ ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಷಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್ ಮತ್ತು ಕೊನೆಗೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಎಂಬ ಶ್ರೇಣಿಗಳಿದ್ದು, ಮೇಲೇರಿದಂತೆ ಪಾಯಿಂಟ್ ಹೆಚ್ಚುತ್ತವೆ. ಹೊಸಬರು ಮನೆಯ ಹತ್ತಿರದ ಟ್ಯಾಲೆಂಟ್ ಸೀರೀಸ್‌ನಿಂದ ತೊಡಗುವುದೇ ಒಳ್ಳೆಯದು. ರ‍್ಯಾಂಕಿಂಗ್ ಇಲ್ಲದ ಮಗುವನ್ನು ದೂರದ ನ್ಯಾಷನಲ್ ಸೀರೀಸ್‌ಗೆ ಕರೆದೊಯ್ದು, ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಸೋತು ರೈಲು ಹತ್ತುವುದರಿಂದ ಹಣವಷ್ಟೇ ಅಲ್ಲ, ಮಗುವಿನ ಉತ್ಸಾಹವೂ ಹೋಗುತ್ತದೆ. ಪಾಯಿಂಟ್‌ಗಳ ಬೆನ್ನುಹತ್ತಿ ವಾರವಾರವೂ ಊರೂರು ಅಲೆಸುವುದು ನಮ್ಮ ಕಿರಿಯರ ಟೆನಿಸ್‌ನ ಅತಿ ದೊಡ್ಡ ದೋಷವೆಂದೇ ನನ್ನ ಅಭಿಪ್ರಾಯ.

ಪ್ರತಿ ಟೂರ್ನಿಗೂ ಪ್ರವೇಶದ ಕೊನೆಯ ದಿನ ಹಾಗೂ ಹಿಂದೆ ಸರಿಯುವ ಕೊನೆಯ ದಿನ ಬೇರೆ ಬೇರೆ ಇರುತ್ತವೆ. ಎರಡನ್ನೂ ಬರೆದಿಟ್ಟುಕೊಳ್ಳಿ, ಗಡುವು ಮೀರಿ ಹಿಂದೆ ಸರಿದರೆ ದಂಡನೆಗೆ ದಾರಿಯಾಗುತ್ತದೆ. ಅಂಗಳದಲ್ಲಿ ಮಗು ರ‍್ಯಾಕೆಟ್ ಎಸೆದರೆ ಅಥವಾ ಪಾಲಕರು ಹೊರಗಿನಿಂದ ಆಟ ಹೇಳಿಕೊಟ್ಟರೆ ರೆಫರಿ ಕ್ರಮ ಕೈಗೊಳ್ಳಬಹುದು.

ದೇಶದ ಹೊರಗೆ

ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನ, ಅಂದರೆ ಐಟಿಎಫ್‌ನ ಕಿರಿಯರ ಟೂರ್ನಿಗಳು 13 ವರ್ಷ ತುಂಬಿದವರಿಗೆ ತೆರೆದಿವೆ. ಜೆ30ರಿಂದ ಜೆ500ರವರೆಗೆ ಅವುಗಳ ಶ್ರೇಣಿ. ಇಲ್ಲಿ ಆಟಗಾರರು ಐಪಿನ್ ಎಂಬ ಐಟಿಎಫ್ ನೋಂದಣಿ ಸಂಖ್ಯೆ ಪಡೆದು ನೇರವಾಗಿ ಪ್ರವೇಶ ಸಲ್ಲಿಸುತ್ತಾರೆ. ಎಐಟಿಎ ಪಾತ್ರ ಮುಖ್ಯವಾಗುವುದು ಭಾರತದಲ್ಲಿ ನಡೆಯುವ ಟೂರ್ನಿಗಳಲ್ಲಿ. ಅಲ್ಲಿ ವೈಲ್ಡ್ ಕಾರ್ಡ್, ಅಂದರೆ ರ‍್ಯಾಂಕಿಂಗ್ ಸಾಲದವರಿಗೂ ವಿಶೇಷ ಪ್ರವೇಶ ನೀಡುವ ಹಕ್ಕು ಆತಿಥೇಯ ರಾಷ್ಟ್ರೀಯ ಸಂಸ್ಥೆಯದು. ಕಾರ್ಡ್ ಬೇಕಿದ್ದವರು ಇತ್ತೀಚಿನ ಫಲಿತಾಂಶಗಳೊಂದಿಗೆ ಲಿಖಿತ ಮನವಿಯನ್ನು ಮೊದಲೇ ಕಳಿಸಬೇಕು. ಧಾರವಾಡ, ಕಲಬುರಗಿ ಮತ್ತು ಮೈಸೂರಿನಂಥ ಊರುಗಳಲ್ಲಿ ಐಟಿಎಫ್‌ನ ವೃತ್ತಿಪರ ಟೂರ್ನಿಗಳು ನಡೆದಿರುವುದರಿಂದ ರಾಜ್ಯದ ಮಕ್ಕಳಿಗೆ ಆ ಮಟ್ಟದ ಆಟವನ್ನು ಹತ್ತಿರದಿಂದ ನೋಡುವ ಅವಕಾಶವೂ ಸಿಕ್ಕಿದೆ.

ದೇಶದ ತಂಡ

ಸಂಸ್ಥೆಯ ನಿಜವಾದ ಬಲ, ವಿವಾದಗಳ ಮೂಲ ಎರಡೂ ಇರುವುದು ಇಲ್ಲಿ. 14 ವರ್ಷದೊಳಗಿನವರ ವಿಶ್ವ ಜೂನಿಯರ್ ಟೆನಿಸ್, 16 ವರ್ಷದೊಳಗಿನವರ ಜೂನಿಯರ್ ಡೇವಿಸ್ ಕಪ್, ಹಿರಿಯರ ಡೇವಿಸ್ ಕಪ್ (ಪುರುಷರ ದೇಶ-ದೇಶಗಳ ತಂಡ ಸ್ಪರ್ಧೆ) ಹಾಗೂ ಬಿಲ್ಲಿ ಜೀನ್ ಕಿಂಗ್ ಕಪ್ (ಮಹಿಳೆಯರದು) ತಂಡಗಳನ್ನು ಆರಿಸುವುದು ಎಐಟಿಎ. ಈ ಅಧಿಕಾರ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ 1974 ಸಾಕ್ಷಿ. ಆ ವರ್ಷ ಡೇವಿಸ್ ಕಪ್ ಫೈನಲ್ ತಲುಪಿದ್ದ ಭಾರತ, ವರ್ಣಭೇದ ನೀತಿಯನ್ನು ವಿರೋಧಿಸಿ ದಕ್ಷಿಣ ಆಫ್ರಿಕಾ ವಿರುದ್ಧ ಆಡದೆ ಕಪ್ ಬಿಟ್ಟುಕೊಟ್ಟಿತು. ಅಮೃತರಾಜ್ ಸಹೋದರರ ಪೀಳಿಗೆಗೆ ಗೆಲ್ಲುವ ಅವಕಾಶ ಕೈತಪ್ಪಿತು. ಆದರೂ ಆ ನಿರ್ಧಾರವನ್ನು ನಾನು ಗೌರವದಿಂದಲೇ ನೆನೆಯುತ್ತೇನೆ.

2012ರ ಲಂಡನ್ ಒಲಿಂಪಿಕ್ಸ್ ವೇಳೆ ನಡೆದದ್ದು ಬೇರೆಯದೇ ಕಥೆ. ಲಿಯಾಂಡರ್ ಪೇಸ್ ಜೊತೆ ಡಬಲ್ಸ್ ಆಡಲು ಮಹೇಶ್ ಭೂಪತಿ ಮತ್ತು ಕೊಡಗಿನ ರೋಹನ್ ಬೋಪಣ್ಣ ಒಪ್ಪದಿದ್ದಾಗ ಎರಡು ಜೋಡಿಗಳನ್ನು ಕಳಿಸಬೇಕಾಯಿತು. ಬಳಿಕ ಸಂಸ್ಥೆ ಭೂಪತಿ, ಬೋಪಣ್ಣ ಇಬ್ಬರನ್ನೂ ದೇಶದ ಪರ ಆಡದಂತೆ ನಿಷೇಧಿಸಿತು. ಕರ್ನಾಟಕ ಹೈಕೋರ್ಟ್ ಅದಕ್ಕೆ ತಡೆ ನೀಡಿತು. ಅದೇ ಬೋಪಣ್ಣ 2024ರಲ್ಲಿ, 43ನೇ ವಯಸ್ಸಿನಲ್ಲಿ, ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದು ವಿಶ್ವದ ಒಂದನೇ ಸ್ಥಾನಕ್ಕೇರಿದರು. ವೃತ್ತಿಪರ ಟೂರ್ನಿಗಳಲ್ಲಿ ಯಾರೊಡನೆ ಆಡಬೇಕೆಂಬುದು ಆಟಗಾರರ ಆಯ್ಕೆ, ದೇಶದ ತಂಡದಲ್ಲಿ ಸಂಸ್ಥೆಯ ಆಯ್ಕೆ. ಈ ವ್ಯತ್ಯಾಸವನ್ನು ಮಕ್ಕಳಿಗೆ ಬೇಗ ತಿಳಿಸಿಕೊಡಬೇಕು.

ವಿದೇಶದಲ್ಲಿ ನೆಲೆಸಿರುವ ಕನ್ನಡಿಗರು ಗಮನಿಸಬೇಕಾದ ನಿಯಮವೊಂದಿದೆ: ಕೇಂದ್ರ ಸರ್ಕಾರ 2008ರಲ್ಲಿ ತಳೆದ ನಿಲುವಿನ ಪ್ರಕಾರ ಭಾರತೀಯ ಪಾಸ್‌ಪೋರ್ಟ್ ಇಲ್ಲದವರು ಭಾರತ ತಂಡದಲ್ಲಿ ಆಡುವಂತಿಲ್ಲ, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಸಾಲದು.

ದೂರು ಇದ್ದರೆ

ಪಂದ್ಯದ ವೇಳೆ ಉಂಟಾದ ತಕರಾರನ್ನು ಅಲ್ಲಿಯೇ ರೆಫರಿಗೆ ಹೇಳಬೇಕು. ಮನೆಗೆ ಬಂದು ಇ-ಮೇಲ್ ಕಳಿಸಿದರೆ ಅಂಕ ಬದಲಾಗದು. ಪ್ರವೇಶ, ರ‍್ಯಾಂಕಿಂಗ್ ಪಾಯಿಂಟ್ ಅಥವಾ ಆಯ್ಕೆಯ ವಿಷಯವಾದರೆ ರಾಜ್ಯ ಸಂಸ್ಥೆಗೂ ಎಐಟಿಎಗೂ ಲಿಖಿತವಾಗಿ ಬರೆದು, ಡ್ರಾ (ಯಾರು ಯಾರೊಡನೆ ಆಡುತ್ತಾರೆಂಬ ಪಟ್ಟಿ) ಹಾಗೂ ಫಲಿತಾಂಶದ ಪ್ರತಿಗಳನ್ನು ಲಗತ್ತಿಸಿ. ಉದ್ದೀಪನ ಮದ್ದಿನ ವಿಷಯ ಮಾತ್ರ ಎಐಟಿಎ ಕೈಯಲ್ಲಿಲ್ಲ. ದೇಶದೊಳಗೆ ಅದನ್ನು ನೋಡಿಕೊಳ್ಳುವುದು ನಾಡಾ, ಅಂದರೆ ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ. ಕೆಮ್ಮಿನ ಸಿರಪ್ ಕೊಡುವ ಮುನ್ನವೂ ನಿಷೇಧಿತ ಪಟ್ಟಿಯನ್ನು ವೈದ್ಯರಿಗೆ ತೋರಿಸಿ.

ಸಂಸ್ಥೆಯ ಆಡಳಿತವೇ ಪ್ರಶ್ನೆಗೆ ಒಳಗಾದದ್ದೂ ಉಂಟು. 2024ರಲ್ಲಿ ಮಾಜಿ ಆಟಗಾರ ಸೋಮದೇವ್ ದೇವವರ್ಮನ್ ಮತ್ತು ಪುರವ್ ರಾಜಾ ಸಂಸ್ಥೆಯ ಚುನಾವಣೆಯನ್ನು ದೆಹಲಿ ಹೈಕೋರ್ಟ್‌ನಲ್ಲಿ ಪ್ರಶ್ನಿಸಿದರು. 2025ರ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯು ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ 2 ಸಾಧಕ ಕ್ರೀಡಾಪಟುಗಳು ಮತ್ತು 4 ಮಹಿಳೆಯರು ಇರಬೇಕೆಂದು ಹೇಳುತ್ತದೆ. ಆಯ್ಕೆ ಮತ್ತು ಚುನಾವಣೆಯ ವ್ಯಾಜ್ಯಗಳಿಗೆ ರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯ ರಚನೆಯೂ ಅದೇ ಕಾಯ್ದೆಯಲ್ಲಿದ್ದು, ಮಂಡಳಿಯ ತೀರ್ಪಿನ ಮೇಲಿನ ಮೇಲ್ಮನವಿ ಸುಪ್ರೀಂ ಕೋರ್ಟ್‌ಗೆ ಹೋಗುತ್ತದೆ.