ಮಗು ಕಾಣದಾದಾಗ ಠಾಣೆಯಲ್ಲಿ ಏನು ಬರೆಸಬೇಕು?

ಭಾರತ ಹುಣ್ಣಿಮೆಯ ದಿನ ಸವದತ್ತಿ ಎಲ್ಲಮ್ಮನ ಗುಡ್ಡದಲ್ಲಿ ನಿಂತರೆ ಮೈಕಿನ ಕೂಗು ನಿಲ್ಲುವುದೇ ಇಲ್ಲ. ‘ಕೆಂಪು ಅಂಗಿ, ಕರೀ ಚಡ್ಡಿ, ಹೆಸರು ಕೇಳಿದ್ರ ಬರೀ ಅಳತಾನು. ಯಾರ ಕೂಸು ಇದ್ದರ ಮೈಕಿನ ಕಡೆ ಬರ್ರಿ.’ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ, ವಿಜಯಪುರದ ಸಿದ್ಧೇಶ್ವರ ಸಂಕ್ರಮಣದಲ್ಲಿ, ಬಾದಾಮಿಯ ಬನಶಂಕರಿ ತೇರಿನಲ್ಲಿ ಇದೇ ಕೂಗು. ಸ್ವಲ್ಪ ಹೊತ್ತಿಗೆ ಅವ್ವ ಓಡಿ ಬರುತ್ತಾಳೆ, ಬೆನ್ನಿಗೆರಡು ಗುದ್ದು ಹಾಕಿ ಎತ್ತಿಕೊಂಡು ಹೋಗುತ್ತಾಳೆ. ಅಲ್ಲಿಗೆ ಮುಗಿಯಿತು.

ಮುಗಿಯದಿದ್ದರೆ ಏನು ಮಾಡಬೇಕು? ಠಾಣೆಯ ಮೆಟ್ಟಿಲು ಹತ್ತಿದವರಿಗೆ ಮೊದಲು ಸಿಗುವ ಉಪದೇಶ ನಿಮಗೂ ಗೊತ್ತಿದೆ: ‘ಎಲ್ಲಿ ಹೋಗತಾನ್ರೀ, ಬೀಗರ ಮನಿಗೆ ಹೋಗಿರಬೇಕು. 24 ತಾಸು ನೋಡ್ರಿ.’ ಈ 24 ತಾಸಿನ ನಿಯಮ ಯಾವ ಕಾಯ್ದೆಯಲ್ಲೂ ಇಲ್ಲ. ಆದರೂ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಲ್ಲಿ ಅದು ಕಾಯ್ದೆಗಿಂತ ಗಟ್ಟಿಯಾಗಿ ಬಾಳುತ್ತಿದೆ.

ಮೊದಲ ಅರ್ಧ ತಾಸು

ಮನೆಯವರೆಲ್ಲ ಒಟ್ಟಾಗಿ ಹುಡುಕಲು ಓಡಬೇಡಿ. ಒಬ್ಬರು ಮನೆಯಲ್ಲಿರಲಿ, ಮಗು ತಾನೇ ವಾಪಸು ಬರಬಹುದು. ಇನ್ನೊಬ್ಬರು ಫೋನ್ ಹಿಡಿಯಲಿ: 112ಕ್ಕೆ ಒಂದು ಕರೆ, ಮಕ್ಕಳ ಸಹಾಯವಾಣಿ 1098ಕ್ಕೆ ಒಂದು. ರೈಲು ಹತ್ತಿರಬಹುದೆಂಬ ಅನುಮಾನವಿದ್ದರೆ 139. ನಮ್ಮ ಭಾಗದಲ್ಲಿ ಈ ಅನುಮಾನ ಯಾವಾಗಲೂ ಇರಲೇಬೇಕು. ಬೆಳಗಾವಿಯಲ್ಲಿ ರೈಲು ಹತ್ತಿದ ಹುಡುಗ ಒಂದು ದಿಕ್ಕಿಗೆ ಮಿರಜ್ ಮುಟ್ಟುತ್ತಾನೆ, ಇನ್ನೊಂದು ದಿಕ್ಕಿಗೆ ಲೋಂಡಾ ದಾಟಿ ಗೋವಾ. ವಿಜಯಪುರದಲ್ಲಿ ಹತ್ತಿದವನು ಸೊಲ್ಲಾಪುರಕ್ಕೆ. ನೀವು ಅಳಿಯನ ಮನೆ, ಅತ್ತೆಯ ಮನೆ ಎಂದು ಕೇಳಿಕೊಂಡು ತಿರುಗುವಷ್ಟರಲ್ಲಿ ಮಗು ರಾಜ್ಯವನ್ನೇ ದಾಟಿರುತ್ತದೆ.

ಜೊತೆಗೆ ಒಯ್ಯಬೇಕಾದದ್ದು: ಇತ್ತೀಚಿನ ಫೋಟೊ (ಮದುವೆಯ ಸ್ಟುಡಿಯೊ ಫೋಟೊ ಬೇಡ, ಬಣ್ಣ ಬಳಿದ ಮುಖ ಯಾರಿಗೂ ಗುರುತು ಸಿಗುವುದಿಲ್ಲ), ಇವತ್ತು ತೊಟ್ಟ ಬಟ್ಟೆಯ ವಿವರ, ಗಾಯದ ಕಲೆ ಅಥವಾ ಮಚ್ಚೆ, ಮಗುವಿನ ಕೈಯಲ್ಲಿ ಫೋನಿದ್ದರೆ ಅದರ ನಂಬರ್, ಕೊನೆಗೆ ಯಾರ ಜೊತೆ ಮಾತನಾಡಿತ್ತು ಎಂಬುದು. ಮಗು ಮಲಗುವ ಕೋಣೆಯನ್ನು ಗುಡಿಸಬೇಡಿ, ಬಟ್ಟೆ ಒಗೆಯಬೇಡಿ.

ದೂರಿನ ಭಾಷೆ

ಇದು ಎಲ್ಲಕ್ಕಿಂತ ಮುಖ್ಯವಾದ ಹಂತ. ಹೆಚ್ಚಿನವರು ಎಡವುವುದೂ ಇಲ್ಲೇ. ಗಾಬರಿಯಲ್ಲಿ ‘ನಮ್ಮ ಹುಡುಗ ಸಿಟ್ಟಾಗಿ ಮನಿ ಬಿಟ್ಟು ಹೋಗ್ಯಾನ್ರೀ’ ಎಂದು ಬರೆಸಿಬಿಡುತ್ತೇವೆ. ನೀವು ಕಣ್ಣಾರೆ ಕಂಡದ್ದನ್ನು ಬರೆಸಿ: ಎಷ್ಟು ಗಂಟೆಗೆ, ಎಲ್ಲಿ, ಯಾರ ಜೊತೆ ಕೊನೆಗೆ ನೋಡಿದ್ದು. ಆಮೇಲೆ ಈ ಮಾತು ಸೇರಿಸಿ: ‘ಮಗುವಿನ ವಯಸ್ಸು ಇಷ್ಟು, ನಮ್ಮ ಒಪ್ಪಿಗೆ ಇಲ್ಲದೆ ಯಾರೋ ಕರೆದೊಯ್ದಿರುವ ಅನುಮಾನವಿದೆ.’

ಯಾಕೆಂದರೆ ಕಾಯ್ದೆ ಎರಡು ಬೇರೆ ಬೇರೆ ಕೃತ್ಯಗಳನ್ನು ಗುರುತಿಸುತ್ತದೆ. ಪತ್ರಿಕೆಯವರು ನಾವು ಎರಡಕ್ಕೂ ಅಪಹರಣ ಎಂದೇ ಬರೆಯುತ್ತೇವೆ, ತಪ್ಪು ನಮ್ಮದೂ ಇದೆ. ಒಂದು ಕಿಡ್ನ್ಯಾಪಿಂಗ್, ಭಾರತೀಯ ನ್ಯಾಯ ಸಂಹಿತೆಯ 137ನೇ ಕಲಂ. 18 ತುಂಬದ ಮಗುವನ್ನು ಪೋಷಕರ ಒಪ್ಪಿಗೆ ಇಲ್ಲದೆ ಒಯ್ದರೆ ಅಷ್ಟೇ ಸಾಕು, 7 ವರ್ಷದವರೆಗೆ ಜೈಲು ಮತ್ತು ದಂಡ. ‘ನಾನಾಗೇ ಹೋದೆ’ ಎಂದು ಮಗು ಹೇಳಿದರೂ ಆ ಒಪ್ಪಿಗೆಗೆ ಬೆಲೆಯಿಲ್ಲ. ಇನ್ನೊಂದು ಅಬ್ಡಕ್ಷನ್, 138ನೇ ಕಲಂ. ಯಾವ ವಯಸ್ಸಿನವರನ್ನೇ ಆಗಲಿ ಬಲವಂತದಿಂದ ಅಥವಾ ಮೋಸದಿಂದ ಒಯ್ಯುವುದು. ವಿಚಿತ್ರವೆಂದರೆ ಈ ಎರಡನೆಯದಕ್ಕೆ ತನ್ನಷ್ಟಕ್ಕೆ ಶಿಕ್ಷೆಯೇ ಇಲ್ಲ. ಕೊಲ್ಲಲು, ಗುಟ್ಟಾಗಿ ಕೂಡಿಹಾಕಲು, ಬಲವಂತದ ಮದುವೆಗೆ ಎಂಬಂಥ ಉದ್ದೇಶ ಜೊತೆಗೂಡಿದಾಗ ಮಾತ್ರ ಅಪರಾಧ.

ಈ ಭೇದ ಹುಟ್ಟಿದ್ದು 1860ರ ಭಾರತೀಯ ದಂಡ ಸಂಹಿತೆಯಲ್ಲಿ. ಅದು ಜಾರಿಗೆ ಬಂದದ್ದು 1862ರ ಜನವರಿ 1ರಂದು. ಆಗ ನಮ್ಮ ಈ ಸೀಮೆ ಮುಂಬೈ ಪ್ರಾಂತ್ಯದ ಪಾಲು. ಆ ಸಂಹಿತೆಯಲ್ಲಿ ಕಿಡ್ನ್ಯಾಪಿಂಗ್‌ನಲ್ಲೇ ಎರಡು ಬಗೆ: ಪೋಷಕರ ವಶದಿಂದ ಒಯ್ಯುವುದು, ‘ಬ್ರಿಟಿಷ್ ಇಂಡಿಯಾ’ದ ಗಡಿಯಾಚೆ ಸಾಗಿಸುವುದು. ಗಡಿಯಾಚೆ ಎಂದರೆ ಹಡಗು ಹತ್ತಿ ದೂರದ ದ್ವೀಪಕ್ಕೆ ಹೋಗುವುದೆಂದು ಓದಿದವರಿಗೆ ಅನಿಸಬಹುದು. ಆದರೆ ನಮ್ಮಲ್ಲಿ ಜಮಖಂಡಿ, ಮುಧೋಳ, ರಾಮದುರ್ಗ, ಸಾಂಗಲಿ, ಕೊಲ್ಹಾಪುರ ಎಲ್ಲವೂ ಸಂಸ್ಥಾನಗಳು, ಬ್ರಿಟಿಷ್ ಇಂಡಿಯಾಕ್ಕೆ ಸೇರದ ನೆಲ. ಬಾಗಲಕೋಟೆಯ ಮನುಷ್ಯನನ್ನು ಅವನ ಒಪ್ಪಿಗೆಯಿಲ್ಲದೆ ಚಕ್ಕಡಿಯಲ್ಲಿ ಹೇರಿ ಮುಧೋಳಕ್ಕೆ ಒಯ್ದರೂ ಕಾಯ್ದೆಯ ಲೆಕ್ಕದಲ್ಲಿ ದೇಶದಾಚೆ ಸಾಗಿಸಿದಂತೆ! ಗಡಿ ತಕರಾರು ನಮಗೆ 1956ರಿಂದ ಶುರುವಾದದ್ದಲ್ಲ ಬಿಡಿ.

ವಯಸ್ಸಿನ ಕಥೆ ಇನ್ನೂ ದೊಡ್ಡದು. 1860ರಲ್ಲಿ ಹುಡುಗನಿಗೆ 14, ಹುಡುಗಿಗೆ 16 ತುಂಬುವವರೆಗೆ ಮಾತ್ರ ಈ ರಕ್ಷಣೆ. 1949ರಲ್ಲಿ ಅದು 16 ಮತ್ತು 18 ಆಯಿತು. ಅಲ್ಲಿಗೆ 75 ವರ್ಷ ನಿಂತುಬಿಟ್ಟಿತು. 2024ರ ಜುಲೈ 1ರಂದು ಹೊಸ ನ್ಯಾಯ ಸಂಹಿತೆ ಬಂದ ಮೇಲೆಯೇ ಇಬ್ಬರಿಗೂ 18. ಅದರ ಹಿಂದಿನ ದಿನದವರೆಗೆ, 17 ವರ್ಷದ ಹುಡುಗನನ್ನು ಪುಸಲಾಯಿಸಿ ಪುಣೆಯ ಹೋಟೆಲಿಗೋ ಇಟ್ಟಂಗಿ ಭಟ್ಟಿಗೋ ಒಯ್ದರೆ ಅದು ಕಿಡ್ನ್ಯಾಪಿಂಗ್ ಆಗುತ್ತಿರಲಿಲ್ಲ. ಬೇರೆ ಕಾಯ್ದೆಗಳು ಹಿಡಿಯಬಹುದಿತ್ತು, ಈ ಕಲಂ ಹಿಡಿಯುತ್ತಿರಲಿಲ್ಲ. ದುಡಿಯಲು ವಲಸೆ ಹೋಗುವ ಕುಟುಂಬಗಳೇ ತುಂಬಿದ ನಮ್ಮ ತಾಲ್ಲೂಕುಗಳಲ್ಲಿ ಇದು ಸಣ್ಣ ಮಾತಲ್ಲ. ಆದ್ದರಿಂದ ದೂರಿನಲ್ಲಿ ಹುಟ್ಟಿದ ತಾರೀಖು ಕಡ್ಡಾಯವಾಗಿ ಬರೆಸಿ, ಶಾಲೆಯ ದಾಖಲೆಯ ಪ್ರತಿ ಲಗತ್ತಿಸಿ.

ಜಾತ್ರೆಯ ಸುದ್ದಿ ಬಂದಿದ್ದರಿಂದ ಇನ್ನೊಂದು ಕಲಂ ಹೇಳಿಯೇ ಮುಂದೆ ಹೋಗುತ್ತೇನೆ. ಭಿಕ್ಷೆಗೆಂದು ಮಗುವನ್ನು ಕದಿಯುವುದಕ್ಕೆ ಪ್ರತ್ಯೇಕ ಶಿಕ್ಷೆ ಬಂದದ್ದು 1959ರ ತಿದ್ದುಪಡಿಯಲ್ಲಿ. ಈಗ ಅದು 139ನೇ ಕಲಂ, ಕನಿಷ್ಠ 10 ವರ್ಷ. ಪೋಷಕರಲ್ಲದವರು ಮಗುವನ್ನು ಭಿಕ್ಷೆಗೆ ಕೂಡಿಸಿದ್ದು ಕಂಡರೆ, ಕದ್ದು ತಂದದ್ದೆಂದೇ ಕಾಯ್ದೆ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಅವರದು.

ಎಫ್‌ಐಆರ್ ಇಲ್ಲದೆ ಠಾಣೆ ಬಿಡಬೇಡಿ

‘ಅರ್ಜಿ ಕೊಟ್ಟು ಹೋಗ್ರಿ, ನೋಡೂಣು’ ಎಂದರೆ ಕುರ್ಚಿ ಬಿಟ್ಟು ಏಳಬೇಡಿ. ಕೆಲವು ವರ್ಷಗಳ ಹಿಂದೆ ಪರಿಚಯದವರೊಬ್ಬರ ಜೊತೆ ಒಂದು ಠಾಣೆಗೆ ಹೋಗಿದ್ದೆ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಹುಡುಗನ ಹೆಸರು ಬರೆದುಕೊಂಡು ಕಳಿಸಿದ್ದರು. ಎರಡನೇ ದಿನ ಹುಡುಗ ಮಿರಜ್ ಸ್ಟೇಷನ್ನಿನಲ್ಲಿ ಸಿಕ್ಕ. ಕ್ಯಾಲೆಂಡರ್ ಹಾಳೆ ಎಲ್ಲಿ ಹೋಯಿತೋ.

2013ರ ಮೇ ತಿಂಗಳಲ್ಲಿ ಮಕ್ಕಳ ಹಕ್ಕಿನ ಸಂಸ್ಥೆ ಬಚಪನ್ ಬಚಾವೋ ಆಂದೋಲನದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಸ್ಪಷ್ಟ: ಮಗು ಕಾಣೆಯಾದ ದೂರು ಬಂದರೆ ಎಫ್‌ಐಆರ್ ದಾಖಲಿಸಬೇಕು, ಕಿಡ್ನ್ಯಾಪಿಂಗ್ ಅಥವಾ ಸಾಗಣೆ ನಡೆದಿದೆ ಎಂದೇ ಮೊದಲು ಭಾವಿಸಿ ತನಿಖೆ ಆರಂಭಿಸಬೇಕು. ಅದೇ ವರ್ಷ ನವೆಂಬರಿನಲ್ಲಿ ಲಲಿತಾ ಕುಮಾರಿ ಪ್ರಕರಣದ ತೀರ್ಪು. ದೇಶದ ಎಲ್ಲ ಠಾಣೆಗಳಿಗೂ ಎಫ್‌ಐಆರ್ ಕಡ್ಡಾಯ ಮಾಡಿದ ಆ ತೀರ್ಪಿನ ಬೇರು ಉತ್ತರ ಪ್ರದೇಶದ ಒಬ್ಬ ತಂದೆಯ ದೂರು. ಮಗಳನ್ನು ಒಯ್ದಿದ್ದಾರೆ ಎಂದು ಹೋದಾಗ ಠಾಣೆಯವರು ಬರೆದುಕೊಳ್ಳಲಿಲ್ಲ, ಎಸ್‌ಪಿ ಹತ್ತಿರ ಹೋದ ಮೇಲೆ ಬರೆದುಕೊಂಡರು, ಬರೆದುಕೊಂಡ ಮೇಲೂ ಹುಡುಕಲಿಲ್ಲ.

‘ಇದು ನಮ್ಮ ಹದ್ದಿಗೆ ಬರೂದಿಲ್ಲ’ ಎಂಬ ಮಾತಿಗೆ ಉತ್ತರ ಜೀರೋ ಎಫ್‌ಐಆರ್. ನಿಪ್ಪಾಣಿಯವರ ಮಗು ಕಾಗಲದ ಸಂತೆಯಲ್ಲಿ ಕಾಣೆಯಾದರೂ ನಿಪ್ಪಾಣಿಯ ಠಾಣೆ ದಾಖಲಿಸಿಕೊಂಡು ಆಮೇಲೆ ಆ ಕಡೆ ಕಳಿಸಬೇಕು. ಮೊದಲು ಇದು ಸರ್ಕಾರದ ಸುತ್ತೋಲೆಯ ಮಟ್ಟದಲ್ಲಿತ್ತು. ಈಗ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲೇ ಕೂತಿದೆ. ಆನ್‌ಲೈನಿನಲ್ಲಿ ದೂರು ಕೊಟ್ಟರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ.

ಅಷ್ಟಾದರೂ ಒಪ್ಪದಿದ್ದರೆ ದೂರನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಎಸ್‌ಪಿಗೆ ಕಳಿಸಿ. ಬೆಳಗಾವಿ ನಗರದವರಾದರೆ ಪೊಲೀಸ್ ಕಮಿಷನರ್‌ಗೆ. ಅಂಚೆ ರಸೀದಿ ಜೋಪಾನ, ಮುಂದೆ ಮ್ಯಾಜಿಸ್ಟ್ರೇಟರ ಮುಂದೆ ಅಫಿಡವಿಟ್ ಸಮೇತ ಅರ್ಜಿ ಹಾಕುವಾಗ ಬೇಕಾಗುತ್ತದೆ. 4 ತಿಂಗಳಾದರೂ ಮಗು ಸಿಗದಿದ್ದರೆ ತನಿಖೆ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಹೋಗಬೇಕೆಂದು ಬಾಲನ್ಯಾಯ ನಿಯಮ ಹೇಳುತ್ತದೆ. ತಾನಾಗೇ ಹೋಗುತ್ತದೆಂದು ಕೂಡಬೇಡಿ, ಬರೆದು ಕೇಳಿ.

ದುಡ್ಡು ಕೇಳುವ ಕರೆ ಬಂದರೆ

ಒತ್ತೆಹಣಕ್ಕೆ ಪ್ರತ್ಯೇಕ ಕಲಂ (ಹಳೇ ದಂಡ ಸಂಹಿತೆಯ 364ಎ) ಸೇರಿದ್ದು 1993ರಲ್ಲಿ, ಮರಣದಂಡನೆ ಅಥವಾ ಜೀವಾವಧಿ. ಈಗ ಅದು ನ್ಯಾಯ ಸಂಹಿತೆಯ 140ರ ಎರಡನೇ ಉಪಕಲಂ. 2021ರಲ್ಲಿ ತೆಲಂಗಾಣದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಸೂಕ್ಷ್ಮ ಎತ್ತಿ ತೋರಿಸಿತು. ಒಯ್ದದ್ದು, ದುಡ್ಡು ಕೇಳಿದ್ದು ಸಾಬೀತಾದರೆ ಸಾಲದು. ಕೊಲ್ಲುವ ಅಥವಾ ಗಾಯ ಮಾಡುವ ಬೆದರಿಕೆ ಇತ್ತೆಂದೋ, ಹಾಗೆ ಭಯಪಡುವಂಥ ನಡವಳಿಕೆ ಇತ್ತೆಂದೋ ಸಾಬೀತಾಗಬೇಕು. ಆದ್ದರಿಂದ ಕರೆ ಬಂದಾಗ ‘ಎಷ್ಟು ಕೇಳಿದ’ ಎನ್ನುವುದರ ಜೊತೆಗೆ ‘ಕೊಡದಿದ್ದರೆ ಏನು ಮಾಡುತ್ತೇನೆಂದ’ ಎಂಬುದನ್ನೂ ಅವನ ಮಾತಿನಲ್ಲೇ ಬರೆದಿಡಿ. ರೆಕಾರ್ಡ್ ಆಗಿದ್ದರೆ ಆ ಫೋನನ್ನು ಹಾಗೇ ಇಡಿ. ಇನ್ನೊಂದಕ್ಕೆ ಕಳಿಸಿ ಇದರಲ್ಲಿ ಅಳಿಸಬೇಡಿ. ಪೊಲೀಸರಿಗೆ ಹೇಳದೆ ದುಡ್ಡಿನ ಚೀಲ ಹೊತ್ತು ಹೋಗಬೇಡಿ.

ಹೇಳುವುದು ಸುಲಭ, ಗೊತ್ತು. ಸರ್ಕಾರಗಳೇ ಈ ಮಾತು ನಡೆಸಿಲ್ಲ. 1989ರ ಡಿಸೆಂಬರಿನಲ್ಲಿ ಕೇಂದ್ರ ಗೃಹಮಂತ್ರಿಯ ಮಗಳಿಗಾಗಿ ಐವರು ಉಗ್ರರನ್ನು ಬಿಟ್ಟರು. 1999ರಲ್ಲಿ ಕಂದಹಾರದ ವಿಮಾನಕ್ಕಾಗಿ ಮೂವರನ್ನು. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ವೀರಪ್ಪನ್ ಡಾ. ರಾಜಕುಮಾರ್ ಅವರನ್ನು ಒಯ್ದಾಗ ಎರಡು ರಾಜ್ಯಗಳು ಸಂಧಾನಕಾರರನ್ನು ಕಾಡಿಗೆ ಕಳಿಸಿ ಕೂತವು. ಅವನ ಬೇಡಿಕೆಯಂತೆ ಟಾಡಾ (ಭಯೋತ್ಪಾದನೆ ತಡೆ ಕಾಯ್ದೆ) ಕೈದಿಗಳ ಮೇಲಿನ ಆರೋಪಗಳನ್ನು ಹಿಂದೆಗೆದುಕೊಳ್ಳಲು ಕರ್ನಾಟಕ ಸಜ್ಜಾದಾಗ, ವೀರಪ್ಪನ್ ತಂಡಕ್ಕೆ ಬಲಿಯಾದ ಸಬ್ ಇನ್‌ಸ್ಪೆಕ್ಟರ್ ಒಬ್ಬರ ತಂದೆ ಸುಪ್ರೀಂ ಕೋರ್ಟಿಗೆ ಹೋದರು. ನವೆಂಬರಿನಲ್ಲಿ ಕೋರ್ಟು ತಡೆಯಿತು. ಅದಾಗಿ ಕೆಲವೇ ದಿನಕ್ಕೆ, 108 ದಿನಗಳ ನಂತರ, ಅಣ್ಣಾವ್ರು ಬಿಡುಗಡೆಯಾದರು. ಎರಡು ವರ್ಷದ ಬಳಿಕ ಅದೇ ವೀರಪ್ಪನ್ ಒಯ್ದ ಮಾಜಿ ಸಚಿವ ಎಚ್. ನಾಗಪ್ಪ ಜೀವಂತ ಮರಳಲಿಲ್ಲ. ಇಬ್ಬರ ವಿಷಯದಲ್ಲೂ ಇದ್ದದ್ದು ಒಂದೇ ದಂಡ ಸಂಹಿತೆ.

‘ಓಡಿ ಹೋದಳು’ ಎಂದಾಗ

18 ತುಂಬಿದ ಮಗಳು ತಾನಾಗಿ ಹೋದರೆ ಅದು ಅಪಹರಣವಲ್ಲ, ಎಷ್ಟೇ ಸಿಟ್ಟು ಬರಲಿ. 18ಕ್ಕೆ ತುಸು ಕಡಿಮೆ ಇದ್ದರೂ ಹುಡುಗ ಒಯ್ದನೋ, ಆಕೆಯೇ ಹೊರಟಳೋ ಎಂಬುದನ್ನು ನೋಡಬೇಕೆಂದು ವರದರಾಜನ್ ಪ್ರಕರಣದಲ್ಲಿ 1964ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ನಮ್ಮಲ್ಲಿ ಸಿಟ್ಟು ಮೊದಲು ಹುಡುಗನ ಮನೆ ಬಾಗಿಲಿಗೆ ಹೋಗುತ್ತದೆ. 2023ರ ಡಿಸೆಂಬರಿನಲ್ಲಿ ಬೆಳಗಾವಿ ತಾಲ್ಲೂಕಿನ ಒಂದು ಊರಿನಲ್ಲಿ ಹುಡುಗನ ತಾಯಿಯನ್ನು ನಡುರಾತ್ರಿ ಬೀದಿಗೆಳೆದು ಮಾಡಿದ ಹೇಯ ಕೆಲಸಕ್ಕೆ ಹೈಕೋರ್ಟ್ ತಾನಾಗೇ ಪ್ರಕರಣ ಕೈಗೆತ್ತಿಕೊಳ್ಳಬೇಕಾಯಿತು.

ಹೆಣ್ಣಿನ ಇಚ್ಛೆಯನ್ನು ಕೇಳದ ಚಾಳಿ ಸರ್ಕಾರಕ್ಕೂ ಇತ್ತು. ದೇಶ ವಿಭಜನೆಯಲ್ಲಿ ಒಯ್ಯಲ್ಪಟ್ಟವರನ್ನು ಮರಳಿಸಲು 1949ರಲ್ಲಿ ಬಂದ ಕಾಯ್ದೆ ಗಂಡು ಮಕ್ಕಳಿಗೆ 16ರ ಮಿತಿ ಹಾಕಿತು, ಹೆಣ್ಣಿಗೆ ‘ಯಾವ ವಯಸ್ಸೇ ಆಗಲಿ’ ಎಂದಿತು. ಹೊಸ ಸಂಸಾರ, ಮಕ್ಕಳು ಆದವರನ್ನೂ ಶಿಬಿರಕ್ಕೆ ತಂದರು. ಎಲ್ಲಿಗೆ ಹೋಗಬೇಕೆಂಬುದನ್ನು ಟ್ರಿಬ್ಯೂನಲ್ ಹೇಳುತ್ತಿತ್ತು. ಅದು 1957ರವರೆಗೆ ನಡೆಯಿತು.

ಮಗಳನ್ನು ನಿಜವಾಗಿ ಕೂಡಿಹಾಕಿದ್ದಾರೆ ಎಂಬ ಭಯವಿದ್ದರೆ ದಾರಿ ಎರಡು. ಮ್ಯಾಜಿಸ್ಟ್ರೇಟರಿಂದ, ಅಂದರೆ ಬೈಲಹೊಂಗಲ, ಚಿಕ್ಕೋಡಿ, ಜಮಖಂಡಿ, ಇಂಡಿಯಂಥ ಉಪವಿಭಾಗದಲ್ಲಿ ಎಸಿ ಸಾಹೇಬರಿಂದಲೂ, ಶೋಧ ವಾರಂಟ್ ಕೇಳಬಹುದು. ಇಲ್ಲವೇ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸುವ ಅರ್ಜಿ: ಬೆಳಗಾವಿ, ಬಾಗಲಕೋಟೆಯವರು ಧಾರವಾಡ ಪೀಠಕ್ಕೆ, ವಿಜಯಪುರದವರು ಕಲಬುರಗಿ ಪೀಠಕ್ಕೆ.

ವಾಟ್ಸ್‌ಆ್ಯಪ್

ಫೋಟೊ ಹಂಚಿ, ಜೊತೆಗೆ ಠಾಣೆಯ ಹೆಸರು, ಎಫ್‌ಐಆರ್ ನಂಬರ್, ತಾರೀಖು ಇರಲಿ. ‘ಮಕ್ಕಳ ಕಳ್ಳರು ಊರಿಗೆ ಬಂದಾರ’ ಎಂಬ ಸಾಲು ಮಾತ್ರ ಸೇರಿಸಬೇಡಿ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಜನ ಬಡಿದು ಕೊಂದದ್ದು ಹೈದರಾಬಾದಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನನ್ನು. ಅವನ ಜೊತೆಗಿದ್ದವರು ಕಾರು ನಿಲ್ಲಿಸಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದರು.

ಸಿಕ್ಕ ಮೇಲೆ

ಪೋಷಕರಿಲ್ಲದೆ ಸಿಕ್ಕ ಮಗುವನ್ನು 24 ತಾಸಿನೊಳಗೆ, ಪ್ರಯಾಣದ ಸಮಯ ಬಿಟ್ಟು, ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಅಂತೂ 24 ತಾಸಿನ ನಿಯಮವೊಂದು ಕಾಯ್ದೆಯಲ್ಲಿದೆ, ಅದು ಇರುವುದು ಸಿಕ್ಕ ಮೇಲೆ! ಸಮಿತಿಗೆ ಹೋಗುವಾಗ ನಿಮ್ಮ ಆಧಾರ್, ಮಗುವಿನ ಜನನ ಪ್ರಮಾಣಪತ್ರ, ಎಫ್‌ಐಆರ್ ಪ್ರತಿ ಇರಲಿ. ಮಗುವನ್ನು ಎಲ್ಲರ ಮುಂದೆ ‘ಯಾರು ಒಯ್ದ್ರು, ಏನ್ ಮಾಡಿದ್ರು’ ಎಂದು ಕೆದಕಬೇಡಿ.

ಆಮೇಲೆ ಕೂತು, ನೀವು ಹಂಚಿದ ಫೋಟೊ ಎಲ್ಲೆಲ್ಲಿ ಹೋಗಿದೆಯೋ ಅಲ್ಲೆಲ್ಲ ‘ಸಿಕ್ಕಿದ್ದಾನೆ, ಅಳಿಸಿರಿ’ ಎಂದು ಬರೆಯಿರಿ. ಇಂಥ ಮಗುವಿನ ಗುರುತು ಬಯಲು ಮಾಡುವುದನ್ನು ಬಾಲನ್ಯಾಯ ಕಾಯ್ದೆ ನಿಷೇಧಿಸಿದೆ. ಮಿರಜ್‌ನಲ್ಲಿ ಸಿಕ್ಕ ಆ ಹುಡುಗ ಈಗ ಕಾಲೇಜಿಗೆ ಹೋಗುತ್ತಾನೆ, ಮೀಸೆ ಬಂದಿದೆ. ಅವನ ಹಾಫ್ ಚಡ್ಡಿಯ ಫೋಟೊ ಮೊನ್ನೆ ಮತ್ತೆ ನನ್ನ ಫೋನಿಗೆ ಬಂತು: ‘ಈ ಬಾಲಕ ನಿನ್ನೆ ಸಂಜೆಯಿಂದ ಕಾಣೆಯಾಗಿದ್ದಾನೆ.’